ಫೈಲು ಹಿಡಿಯದೆ ಕಾರವಾರಕ್ಕೆ

ಶಿರಸಿಯಲ್ಲಿ ಯಾರಾದರೂ "ನಾಳೆ ಕಾರವಾರಕ್ಕೆ ಹೋಗ್ತಿದ್ದೇನೆ" ಅಂದರೆ ಎದುರಿನವರು ಕೇಳೋದು ಒಂದೇ: "ಎಂತ ಕೆಲಸ?" ಜಿಲ್ಲಾ ಕೇಂದ್ರ ಅಲ್ವಾ. ಡಿಸಿ ಕಚೇರಿ, ಜಿಲ್ಲಾ ಪಂಚಾಯತ ಎಲ್ಲ ಅಲ್ಲೇ. ಮದುವೆಯಾದ ಈ ಹದಿನೆಂಟು ವರ್ಷಗಳಲ್ಲಿ ನಾನು ಎಷ್ಟು ಸಲ ಹೋಗಿದ್ದೇನೋ ಲೆಕ್ಕ ಇಟ್ಟಿಲ್ಲ. ಪ್ರತಿ ಸಲವೂ ಬಗಲಲ್ಲೊಂದು ಪ್ಲಾಸ್ಟಿಕ್ ಫೈಲು. ನಾಲ್ಕೈದು ಸಲ ಹೆಂಡತಿಯೂ ಬಂದಿದ್ದಾಳೆ, ಸಹಿ ಹಾಕಲಿಕ್ಕೆ. ಕಚೇರಿ ಕೆಲಸ, ಊಟ, ಬೀಚಿನಲ್ಲಿ ಹತ್ತು ನಿಮಿಷ, ದಡದಲ್ಲಿ ಪ್ರದರ್ಶನಕ್ಕಿಟ್ಟ ಯುದ್ಧನೌಕೆಯ ಎದುರು ಒಂದು ಫೋಟೋ, ಆಮೇಲೆ ಕತ್ತಲಾಗುವುದರೊಳಗೆ ಘಟ್ಟ ಹತ್ತಬೇಕೆಂಬ ಗಡಿಬಿಡಿ.

ಹಾಗಾಗಿ ಈ ವರ್ಷ ಮದುವೆಯ ದಿನಕ್ಕೆ ಕಾರವಾರಕ್ಕೇ ಹೋಗೋಣ ಅಂದಾಗ ಅವಳು ಕೈಯಲ್ಲಿದ್ದ ಸೌಟು ಕೆಳಗಿಟ್ಟು ನನ್ನ ಮುಖ ನೋಡಿದಳು.

"ಎಂತಕ್ಕೆ? ಮತ್ತೆ ಆ ಸರ್ವೆ ನಂಬರಿಂದು ಎಂತಾರೂ ಬಂತಾ?"

ಅವಳ ಅನುಮಾನಕ್ಕೆ ಕಾರಣ ಇತ್ತು. ಹತ್ತನೇ ವರ್ಷಕ್ಕೆ ನಾನೊಂದು ಸರ್ಪ್ರೈಸ್ ಮಾಡಲು ಹೋಗಿದ್ದೆ. ಕರಾವಳಿಯಲ್ಲೇ ಒಂದು ಕಡೆ ಸಮುದ್ರದ ದಂಡೆಯ ರೆಸಾರ್ಟಿನಲ್ಲಿ ರೂಮು. ಫೋಟೋದಲ್ಲಿ ತೆಂಗಿನ ಮರಕ್ಕೆ ಕಟ್ಟಿದ ಜೋಲಿ ಇತ್ತು, ಅದನ್ನು ನೋಡಿಯೇ ಮರುಳಾದೆ. ಹೋಗಿ ನೋಡಿದರೆ ಯಾವುದೋ ಕಂಪನಿಯ ಐವತ್ತು ಜನ. ಜೋಲಿಯಲ್ಲಿ ಅವರ ಮ್ಯಾನೇಜರು ಮಲಗಿದ್ದರು. ರಾತ್ರಿ ಒಂದು ಗಂಟೆಯವರೆಗೂ ಸ್ಪೀಕರು. ಅವಳು ಒಂದು ಮಾತೂ ಬೈಯಲಿಲ್ಲ, ಅದೇ ಕಷ್ಟವಾಗಿದ್ದು. ಅಷ್ಟು ದುಡ್ಡು ಕೊಟ್ಟು ಬೇರೆಯವರ ಪಾರ್ಟಿಗೆ ಕಾವಲು ಕೂತ ಹಾಗಾಯಿತು ಅಂತ ಮನೆಗೆ ಬಂದ ಮೇಲೆ ಅಂದಳು.

ಈ ಸಲ ಅದಕ್ಕೇ ಮೊದಲೇ ಹೇಳಿ, ಇಬ್ಬರೂ ಕೂತು ಪ್ಲಾನು ಮಾಡಿದೆವು. ಸರ್ಪ್ರೈಸ್ ಅನ್ನೋದು ಮೂವತ್ತರೊಳಗಿನವರಿಗೆ ಸರಿ. ಮನೆಯಲ್ಲಿ ದನ, ಅತ್ತೆ, ಎರಡು ಮಕ್ಕಳು ಇರುವ ಹೆಂಗಸಿಗೆ ಹಿಂದಿನ ದಿನ ಹೇಳಿದರೆ ಅವಳು ರೂಮಿನಲ್ಲಿ ಕೂತೂ ಹಾಲು ಕರೆದರೋ ಇಲ್ಲವೋ ಅಂತಲೇ ಯೋಚಿಸುತ್ತಿರುತ್ತಾಳೆ.

ಮೊದಲು ದಿನ ಗೊತ್ತು ಮಾಡಿದ್ದು. ನಮ್ಮ ಮದುವೆ ಆಗಿದ್ದು ಮಾಘ ಶುದ್ಧ ತ್ರಯೋದಶಿ. ಇಂಗ್ಲಿಷ್ ತಾರೀಖೂ ನೆನಪಿದೆ, ಆದರೆ ಅಮ್ಮ ಪ್ರತಿ ವರ್ಷ ತಿಥಿ ಹಿಡಿದೇ ಪಾಯಸ ಮಾಡುತ್ತಾಳೆ. ಪಂಚಾಂಗ ತಿರುವುವಾಗ ಹೊಳೆಯಿತು: ತ್ರಯೋದಶಿ ಅಂದರೆ ಹುಣ್ಣಿಮೆಗೆ ಎರಡೇ ದಿನ ಬಾಕಿ. ಸೂರ್ಯ ಮುಳುಗುವಾಗ ಚಂದ್ರ ಆಗಲೇ ಪೂರ್ವದಲ್ಲಿ ಮೇಲೆ ಬಂದಿರುತ್ತಾನೆ. ಕಾರವಾರದಲ್ಲಿ ಪಶ್ಚಿಮಕ್ಕೆ ಸಮುದ್ರ, ಪೂರ್ವಕ್ಕೆ ಗುಡ್ಡದ ಸಾಲು. ಒಂದೇ ಜಾಗದಲ್ಲಿ ನಿಂತು ಕುತ್ತಿಗೆ ತಿರುಗಿಸಿದರೆ ಎರಡೂ ಸಿಗುತ್ತವೆ. ತಾರೀಖು ಹಿಡಿದರೆ ಒಂದು ವರ್ಷ ಚಂದ್ರ, ಒಂದು ವರ್ಷ ಬರೀ ಕತ್ತಲೆ. ತಿಥಿ ಹಿಡಿದರೆ ಪ್ರತಿ ವರ್ಷವೂ ಬೆಳದಿಂಗಳು ಖಾತ್ರಿ. ಈ ಸಲ ಅದು ಶುಕ್ರವಾರ ಬಿದ್ದಿತ್ತು. ಅಡಿಕೆ ಕೊನೆ ಕೊಯ್ಲೂ ಬಹುಪಾಲು ಮುಗಿದಿತ್ತು. ಕೊಟ್ಟಿಗೆ ತಮ್ಮನಿಗೆ, ಮಕ್ಕಳು ಅಮ್ಮನಿಗೆ.

ಎರಡನೆಯದು ರೂಮು. ಬೀಚಿನ ರೆಸಾರ್ಟು ಬೇಡವೇ ಬೇಡ ಅಂತ ಊರೊಳಗಿನ ಸಾಧಾರಣ ಲಾಡ್ಜನ್ನೇ ಹಿಡಿದೆ. ಆದರೆ ಫೋನಿನಲ್ಲಿ ಮೂರು ಪ್ರಶ್ನೆ ಕೇಳಿದೆ. ಪಕ್ಕದಲ್ಲಿ ಕಲ್ಯಾಣ ಮಂಟಪ ಇದೆಯಾ? ಕಿಟಕಿ ಯಾವ ದಿಕ್ಕಿಗೆ? ಬಿಸಿನೀರು ಎಷ್ಟು ಗಂಟೆಗೆ? ಮೊದಲ ಪ್ರಶ್ನೆಗೆ ಒಂದು ಕಡೆ "ಹೌದು ಸರ್, ತುಂಬಾ ಅನುಕೂಲ" ಅಂದರು, ಅದನ್ನು ಬಿಟ್ಟೆ. ಸಿಕ್ಕಿದ ರೂಮು ಮೂರನೇ ಮಹಡಿ, ಕಿಟಕಿ ಪಶ್ಚಿಮಕ್ಕೆ. ಸಮುದ್ರ ಕಾಣುತ್ತಿದ್ದದ್ದು ಎರಡು ಕಟ್ಟಡಗಳ ಸಂದಿಯಲ್ಲಿ ಒಂದು ಸೀರೆ ಸೆರಗಿನಷ್ಟು. ಗಾಳಿ ಮಾತ್ರ ಪೂರ್ತಿ ಬರುತ್ತಿತ್ತು.

ಇನ್ನು ನೋಡುವ ಜಾಗ. ಚಪಲ್ ಯುದ್ಧನೌಕೆ, ಅದರ ಪಕ್ಕಕ್ಕೆ ತಂದಿಟ್ಟ ಟುಪೊಲೆವ್ ವಿಮಾನ ಎಲ್ಲ ಮಕ್ಕಳ ಜೊತೆ ಹೋದಾಗ ಚಂದವೇ. ಅವುಗಳನ್ನು ಪಟ್ಟಿಯಿಂದ ತೆಗೆದೆವು. ನನ್ನ ತಲೆಯಲ್ಲಿದ್ದದ್ದು ಬೇರೆ. ರವೀಂದ್ರನಾಥ ಠಾಕೂರರು 1883ರಲ್ಲಿ ಕಾರವಾರಕ್ಕೆ ಬಂದಿದ್ದರು ಅಂತ ಎಲ್ಲರಿಗೂ ಗೊತ್ತು, ಬೀಚಿಗೆ ಅವರದೇ ಹೆಸರು. ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಡ್ಜ್ ಆಗಿದ್ದರು. ಆಗ ಕವಿಗೆ ಇಪ್ಪತ್ತೆರಡು ವರ್ಷ. ಒಂದು ಸಂಜೆ ಸಣ್ಣ ದೋಣಿಯಲ್ಲಿ ಕಾಳಿ ನದಿಯಲ್ಲಿ ಮೇಲಕ್ಕೆ ಹೋಗಿ, ಗುಡ್ಡದ ಮೇಲಿನ ಕೋಟೆ ನೋಡಿ, ಒಬ್ಬ ರೈತರ ಗುಡಿಸಿಟ್ಟ ಅಂಗಳದಲ್ಲಿ ಊಟ ಮಾಡಿ, ಬೆಳದಿಂಗಳಲ್ಲಿ ನೀರಿನ ಸೆಳೆತಕ್ಕೇ ದೋಣಿ ಬಿಟ್ಟು ವಾಪಸು ಬಂದರಂತೆ. ಸಂಗಮದ ಹತ್ತಿರ ಇಳಿದು ಮರಳಿನ ಮೇಲೆ ನಡೆದೇ ಮನೆ ಸೇರಿದರಂತೆ. ಅವರೇ ನೆನಪು ಬರೆದಿಟ್ಟಿದ್ದಾರೆ. ಅದೇ ಮರಳು, ಅದೇ ಚಂದ್ರ, ಟಿಕೆಟು ಇಲ್ಲ. ಇದಕ್ಕಿಂತ ಒಳ್ಳೆ ಪ್ಲಾನು ಯಾರು ಕೊಡುತ್ತಾರೆ?

ಶುಕ್ರವಾರ ಬೆಳಿಗ್ಗೆ ದೇವಿಮನೆ ಘಟ್ಟ ಇಳಿದು, ಕುಮಟಾ, ಅಂಕೋಲಾ ಹಾದು ಹೋದೆವು. 2024ರ ಜುಲೈನಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದ ಜಾಗ ದಾಟುವಾಗ ಇಬ್ಬರೂ ಮಾತಾಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕಾರವಾರ. ಊಟ ಮಾಡಿ ಬಂದು ಮಲಗಿದೆವು. ಹಾಗಂತ ಪ್ಲಾನಿನಲ್ಲೇ ಬರೆದಿದ್ದೆವು: 2ರಿಂದ 5, ಏನೂ ಇಲ್ಲ. ಕರಾವಳಿಯ ಬಿಸಿಲಿನಲ್ಲಿ ಮಧ್ಯಾಹ್ನ ತಿರುಗುವವರಿಗೆ ಸಂಜೆ ಜಗಳವಾಡಲಿಕ್ಕೆ ಮಾತ್ರ ಶಕ್ತಿ ಉಳಿದಿರುತ್ತದೆ. ಇದು ನನ್ನ ಖಾತ್ರಿ ಅನುಭವ.

ಸಂಜೆ ಕೋಡಿಬಾಗಕ್ಕೆ ಹೋದೆವು. ಕಾಳಿ ಸಮುದ್ರ ಸೇರುವ ಕಡೆ. ದೋಣಿಯವರೊಬ್ಬರನ್ನು ಕೇಳಿದೆ, ರಾತ್ರಿ ಒಂದು ಸುತ್ತು ಕರೆದುಕೊಂಡು ಹೋಗ್ತೀರಾ ಅಂತ. "ಕತ್ತಲಾದ ಮೇಲೆ ಇಲ್ಲ, ಸರ್" ಅಂದರು. ಸರಿ, ಠಾಕೂರರ ಕಥೆಯಲ್ಲಿ ನಡೆಯುವ ಭಾಗವಾದರೂ ನಮ್ಮದು. ಮರಳ ಮೇಲೆ ಚಪ್ಪಲಿ ಬಿಟ್ಟು ಕೂತೆವು. ಸೂರ್ಯ ಮುಳುಗಿದ. ಕೆಂಪು ಆರುವ ಮೊದಲೇ ನಮ್ಮ ಹಿಂದೆ ನೆರಳು ಬಿದ್ದಿತ್ತು. ಅಲ್ಲ, ಮುಂದೆ. ಚಂದ್ರನದ್ದು. ಅವಳೇ ಮೊದಲು ನೋಡಿದ್ದು. "ನಮ್ಮ ನೆರಳು ಸಮುದ್ರದ ಕಡೆ ಬಿದ್ದಿದ್ದು ನೋಡಿ" ಅಂದಳು. ಸ್ವಲ್ಪ ಹೊತ್ತು ಸುಮ್ನೆ ಕೂತೆವು. ಆಮೇಲೆ ಮದುವೆಯ ದಿನದ ಮಾತು ಬಂತು. ಊಟದ ಪಂಕ್ತಿಯಲ್ಲಿ ನನ್ನ ಮಾವ ಎರಡು ಸಲ ಹೋಳಿಗೆ ಬಡಿಸಿದ್ದು, ನಾನು ನಾಚಿಕೆಯಿಂದ ಬೇಡ ಅನ್ನದೆ ತಿಂದು ರಾತ್ರಿಯೆಲ್ಲ ಒದ್ದಾಡಿದ್ದು. ಈ ಸಂಗತಿ ಅವಳಿಗೆ ಹದಿನೆಂಟು ವರ್ಷ ಗೊತ್ತೇ ಇರಲಿಲ್ಲ.

ಎದ್ದು ನೋಡಿದರೆ ಅವಳ ಚಪ್ಪಲಿ ಇಲ್ಲ. ನೀರು ಏರಿ ಬಂದಿತ್ತು. ತಪ್ಪು ನನ್ನದೇ. ಚಂದ್ರನ ಲೆಕ್ಕ ಹಾಕಿದವನು ಭರತ-ಇಳಿತದ ಲೆಕ್ಕ ಮರೆತಿದ್ದೆ. ಇಲ್ಲಿ ಹುಣ್ಣಿಮೆ, ಅಮಾವಾಸ್ಯೆ ಹತ್ತಿರ ಬಂದಾಗ ಮಧ್ಯಾಹ್ನ ಇಳಿದ ನೀರು ಸಂಜೆಯಿಂದ ರಾತ್ರಿಗೆ ಏರುತ್ತಾ ಹೋಗುತ್ತದೆ. ದಿನಕ್ಕೆ ಸುಮಾರು 50 ನಿಮಿಷದ ಹಾಗೆ ಹೊತ್ತು ಮುಂದಕ್ಕೆ ಜರುಗುತ್ತದೆ. ಮೀನುಗಾರರನ್ನು ಕೇಳಿದ್ದರೆ ಬಾಯಲ್ಲೇ ಹೇಳುತ್ತಿದ್ದರು. ನನ್ನ ಚಪ್ಪಲಿ ಮಾತ್ರ ಅಲ್ಲೇ ಇತ್ತು, ಅದು ಇನ್ನೂ ಕಷ್ಟದ ವಿಷಯ. ಅದನ್ನು ಅವಳಿಗೆ ಕೊಟ್ಟೆ. ಅವಳು ಹಾಕಿಕೊಳ್ಳಲಿಲ್ಲ. ಇಬ್ಬರೂ ಬರಿಗಾಲಲ್ಲಿ, ಗಾಳಿಮರಗಳ ಪಕ್ಕದಲ್ಲಿ, ಒದ್ದೆ ಮರಳಿನ ಮೇಲೆ ಊರಿನ ಕಡೆ ನಡೆದೆವು. ದಕ್ಷಿಣಕ್ಕೆ ಬೈತಖೋಲದ ಬಂದರಿನ ದೀಪಗಳು. ದಾರಿಯುದ್ದಕ್ಕೂ ಹೆಚ್ಚು ಮಾತಿರಲಿಲ್ಲ. ಕಾರು ಕೋಡಿಬಾಗದಲ್ಲೇ ಉಳಿಯಿತು, ಆಮೇಲೆ ಆಟೋದಲ್ಲಿ ಹೋಗಿ ತಂದೆ. ಬೆಳದಿಂಗಳ ನಡಿಗೆ ಪ್ಲಾನು ಮಾಡುವವರು ಕಾರನ್ನು ಎಲ್ಲಿ ಬಿಡಬೇಕು ಅಂತ ಮೊದಲೇ ಯೋಚಿಸಿ.

ಶನಿವಾರ ಬೆಳಿಗ್ಗೆ ಆರೂವರೆಗೆ ಮತ್ತೆ ಬೀಚು. ಆ ಹೊತ್ತಿಗೆ ಪ್ರವಾಸಿಗರು ಇರೋದಿಲ್ಲ. ರಂಪಣಿ ಎಳೆಯುತ್ತಿದ್ದರು. ಗೊತ್ತಿಲ್ಲದವರಿಗೆ ಹೇಳಬೇಕಂದರೆ, ದೋಣಿಯಲ್ಲಿ ಬಲೆಯನ್ನು ಅರ್ಧಚಂದ್ರದ ಹಾಗೆ ಬಿಟ್ಟು ಬರುತ್ತಾರೆ. ಎರಡೂ ತುದಿಯ ಹಗ್ಗ ದಡದಲ್ಲಿರುತ್ತದೆ. ಎರಡು ಗುಂಪು ಒಂದೊಂದು ಹಗ್ಗ ಹಿಡಿದು, ಹಿಂದಕ್ಕೆ ನಡೆಯುತ್ತಾ ಎಳೆಯುತ್ತಾರೆ. ಹಿಂದಿನವರು ಹಗ್ಗ ಬಿಟ್ಟು ಓಡಿ ಬಂದು ನೀರಿನ ಹತ್ತಿರ ಮತ್ತೆ ಹಿಡಿಯುತ್ತಾರೆ. ಎರಡು ಗುಂಪೂ ನಿಧಾನಕ್ಕೆ ಒಂದಕ್ಕೊಂದು ಹತ್ತಿರ ಬರುತ್ತವೆ. ನಾವು ನೋಡುತ್ತಾ ನಿಂತಿದ್ದೆವು. ನೋಡನೋಡುತ್ತಿದ್ದಂತೆ ಇವಳು ಸೆರಗು ಸಿಕ್ಕಿಸಿಕೊಂಡು ಹೋಗಿ ಹಗ್ಗ ಹಿಡಿದಳು! ಜನ್ಮದಲ್ಲಿ ಮೀನು ಮುಟ್ಟದವಳು. ಹಗ್ಗ ಒದ್ದೆ, ಒರಟು, ಅಂಗೈ ಕೆಂಪಾಗುವಷ್ಟು. ಬಲೆ ಬಂದಾಗ ಒಳಗೆ ತಾರ್ಲೆ, ನಾಲ್ಕಾರು ಬಂಗುಡೆ, ಒಂದು ರಾಶಿ ಪುಡಿಮೀನು. ಬುಟ್ಟಿ ಹಿಡಿದಿದ್ದ ಅಜ್ಜಿ ಒಂದು ಹಿಡಿ ತೆಗೆದು ಕೊಡಲು ಬಂದರು. ನಾವು ತಿನ್ನೋದಿಲ್ಲ ಅಂದೆವು.

"ಹಾಗಾದ್ರೆ ಎಳೆದದ್ದು ಯಾಕೆ ತಂಗಿ?" ಅಂತ ಅಜ್ಜಿ ಬಿದ್ದು ಬಿದ್ದು ನಕ್ಕರು.

ಮೀನು ತಿನ್ನದವರು ಕಾರವಾರದಲ್ಲಿ ಊಟಕ್ಕೆ ಏನು ಮಾಡೋದು ಅಂತ ನಮ್ಮ ಕಡೆಯವರು ಕೇಳುತ್ತಾರೆ. ಬೆಳಿಗ್ಗೆ ಬನ್ಸ್, ಬಾಜಿ. ಮಧ್ಯಾಹ್ನ ಅನ್ನ, ಸೋಲ್ ಕಡಿ. ಅಷ್ಟರಲ್ಲಿ ಎರಡು ದಿನ ಆರಾಮಾಗಿ ಕಳೆಯುತ್ತದೆ. ಮೀನು ತಿನ್ನುವವರಿಗಂತೂ ಸ್ವರ್ಗ, ಅದನ್ನು ನಾನು ಹೇಳಬೇಕಾಗಿಲ್ಲ.

ಸಂಜೆ ನಾಲ್ಕಕ್ಕೆ ಮಾಜಾಳಿಯ ಆಚೆ ತಿಳಮಾತಿಗೆ. ಗೋವಾ ಗಡಿ ಹತ್ತಿರ. ಕೊಂಕಣಿಯಲ್ಲಿ ತೀಳ್ ಅಂದರೆ ಎಳ್ಳು, ಮಾತಿ ಅಂದರೆ ಮಣ್ಣು. ಹೆಸರಿಗೆ ಸರಿಯಾಗಿ ಮರಳು ಕಪ್ಪಗೆ, ಎಳ್ಳಿನ ಕಾಳಿನಷ್ಟೇ ದಪ್ಪ. ಮಾಜಾಳಿ ಬೀಚಿನಿಂದ ಗುಡ್ಡದ ಕಾಲುದಾರಿ ಹಿಡಿದು ದಾಟಬೇಕು, ನೀರು ನಾವೇ ಒಯ್ಯಬೇಕು. ಈ ಸಲ ಬುದ್ಧಿ ಬಂದಿತ್ತು, ಇಳಿತದ ಹೊತ್ತು ಕೇಳಿಕೊಂಡೇ ಹೋಗಿದ್ದೆ. ಅಂಗೈಯಲ್ಲಿ ಒಂದು ಮುಷ್ಟಿ ಹಿಡಿದರೆ ಕಾಳುಗಳು ಬೆವರಿಗೆ ಅಂಟುತ್ತವೆ, ಕೊಡವಿದರೂ ಬೀಳುವುದಿಲ್ಲ. ಸಂಕ್ರಾಂತಿ ಮುಗಿದು ಎರಡು ವಾರ ಆಗಿತ್ತು. "ಎಳ್ಳು ಬೆಲ್ಲ" ಅಂತ ಅವಳ ಕೈಗೆ ಸುರಿದೆ. ತೀರಾ ಸಾಧಾರಣ ಜೋಕು, ಗೊತ್ತು. ನಕ್ಕಳಲ್ಲ, ಸಾಕು.

ವಾಪಸು ಬರುವಾಗ ಸದಾಶಿವಗಡದ ಗುಡ್ಡ ಹತ್ತಿದೆವು. ನಮ್ಮ ಶಿರಸಿ ಹತ್ತಿರದ ಸೋಂದೆಯ ಅರಸರು ಕಟ್ಟಿಸಿದ ಕೋಟೆ, ಅಂದರೆ ಒಂದು ಲೆಕ್ಕಕ್ಕೆ ನಮ್ಮ ಕಡೆಯವರದೇ. ಮೇಲಿಂದ ಕಾಳಿ, ಸಮುದ್ರ, ಆಚೆ ಊರು, ಎಲ್ಲ ಒಟ್ಟಿಗೆ ಕಾಣುತ್ತದೆ. 2024ರ ಆಗಸ್ಟ್ 7ರ ನಸುಕಿನಲ್ಲಿ ಹಳೆ ಸೇತುವೆ ಬಿದ್ದಿದ್ದು ಇಲ್ಲೇ. ಲಾರಿಯೊಂದು ನೀರಿಗೆ ಬಿದ್ದು, ಚಾಲಕ ಬದುಕಿ ಬಂದಿದ್ದರು. ಆ ಹಳೆ ಸೇತುವೆ ಮೇಲೆ ನಾವು ಎಷ್ಟು ಸಲ ಹೋಗಿಲ್ಲ! ಅವಳು ನನ್ನ ತೋಳು ಗಟ್ಟಿ ಹಿಡಿದುಕೊಂಡಳು. ಯಾರಾದರೂ ನೋಡಿಯಾರು ಅಂತ ಮಾಮೂಲಿಗಿಂತ ಸ್ವಲ್ಪ ತಡವಾಗಿ ಬಿಟ್ಟಳು.

ಭಾನುವಾರ ಸಂತೆ. ಇದನ್ನು ಪ್ಲಾನಿಗೆ ಸೇರಿಸಿದ್ದು ಅವಳು. ನಾನು ಬೇಡ ಅಂದಿದ್ದೆ, ತರಕಾರಿ ತರಲಿಕ್ಕೆ ಇಷ್ಟು ದೂರ ಬರಬೇಕಾ ಅಂತ. ನನ್ನ ಲೆಕ್ಕ ತಪ್ಪು. ಹಾಲಕ್ಕಿ ಹೆಂಗಸರು ಕೊರಳ ತುಂಬ ಮಣಿಸರ ಹಾಕಿಕೊಂಡು, ಕೆಂಪು ಹರಿವೆ, ಗೆಣಸು, ಮೂಲಂಗಿ ರಾಶಿ ಹಾಕಿ ಕೂತಿದ್ದರು. ಅವಳು ಒಬ್ಬರ ಎದುರು ಕುಕ್ಕರಗಾಲಲ್ಲಿ ಕೂತು ಹರಿವೆ ಬೀಜದ ಮಾತು ಶುರು ಮಾಡಿದವಳು ಅರ್ಧ ಗಂಟೆ ಎದ್ದೇಳಲಿಲ್ಲ. ನಾನು ಆ ಹೊತ್ತಿಗೆ ಒಂದು ಅಬ್ಬಲಿಗೆ ದಂಡೆ ತಂದೆ. ಮುಡಿಸಲು ಹೋದರೆ, "ಇಲ್ಲೆಲ್ಲ ಬೇಡ, ಜನ ನೋಡ್ತಾರೆ" ಅಂತ ಕೈಯಿಂದಲೇ ಇಸಿದುಕೊಂಡಳು. ಬೀಜ ಕೊಟ್ಟ ಅಮ್ಮ, "ಗಂಡ ತಂದದ್ದಲ್ವಾ, ಮುಡ್ಕೊ" ಅಂದರು. ಮುಡಿದಳು.

ಒಟ್ಟು ಖರ್ಚು, ಎರಡು ರಾತ್ರಿಯ ರೂಮು, ಊಟ, ಪೆಟ್ರೋಲು ಸೇರಿ ಆ ಹತ್ತನೇ ವರ್ಷದ ರೆಸಾರ್ಟಿನ ಒಂದು ರಾತ್ರಿಗಿಂತ ಕಡಿಮೆ. ಜೊತೆಗೆ ಚಪ್ಪಲಿಯ 180 ರೂಪಾಯಿ, ಸಂತೆಯಲ್ಲೇ ಕೊಂಡದ್ದು. ಹೊರಡುವಾಗ ಡಿಸಿ ಕಚೇರಿಯ ಕಡೆಯಿಂದ ಕಾರು ತಿರುಗಿಸಿದೆ. ರಜೆ, ಗೇಟು ಮುಚ್ಚಿತ್ತು. "ನಿಲ್ಲಿಸಿ" ಅಂದಳು. ಇಳಿದು, ಗೇಟಿನ ಎದುರು ನಿಂತು, ನನ್ನನ್ನೂ ಎಳೆದು ಒಂದು ಸೆಲ್ಫಿ ತೆಗೆದಳು. ಈ ಟ್ರಿಪ್ಪಿನಲ್ಲಿ ನಾವಿಬ್ಬರೂ ಒಟ್ಟಿಗಿರುವ ಫೋಟೋ ಅದೊಂದೇ.

ಹೊಸ ಚಪ್ಪಲಿ ಕುಮಟಾ ಬರುವಷ್ಟರಲ್ಲಿ ಕಚ್ಚಿತ್ತು. ಘಟ್ಟ ಹತ್ತುವಾಗ ಅವಳು ಅದನ್ನು ಬಿಚ್ಚಿಟ್ಟು, ಕಾಲು ಮಡಚಿ ಸೀಟಿನ ಮೇಲೆ ಕೂತಿದ್ದಳು. ಬೆರಳ ಸಂದಿಯಲ್ಲಿ ಇನ್ನೂ ಎರಡು ಕಾಳು ಕಪ್ಪು ಮರಳು.