ಉಸುಕಿನ ಬೋಗಾಣಿಯಲ್ಲಿ ಬೆಲ್ಲದ ಪ್ಲಮ್ ಕೇಕ್

"ಬೆಲ್ಲ ಹಾಕಿ ಶೇಗಡಿ ಮ್ಯಾಲ ಪ್ಲಮ್ ಕೇಕ್ ಆಗೂದಿಲ್ಲ, ಹುಗ್ಗಿ ಆಗ್ತದ" ಅಂತ ನಮ್ಮ ಗೆಳೆಯರ ಗುಂಪಿನಲ್ಲಿ ಮೂರು ಡಿಸೆಂಬರ್ ವಾದ ನಡೆಯಿತು. ಈಗ ಆಗಿದೆ, ಇದ್ದಲಿ ಒಲೆಯ (ಶೇಗಡಿ) ಮೇಲೆ ಉಸುಕು (ಮರಳು) ಹಾಕಿ ಕಾಯಿಸಿದ ಬೋಗಾಣಿಯಲ್ಲಿ. ಕಳೆದ ಎರಡು ಕ್ರಿಸ್‌ಮಸ್‌ಗೂ ವಿಜಯಪುರದಲ್ಲಿ ಮಾಳಿಗಿ ಮೇಲೆ ಕೂಡುವ 26 ಮಂದಿಗೆ ಎರಡೆರಡು ಕೇಕ್ ಹೀಗೇ ಬೇಯಿಸಿದ್ದೇನೆ. ಒಂದರ ನಡುವೂ ಕುಸಿದಿಲ್ಲ, ಒಂದರ ತಳವೂ ಹೊತ್ತಿಲ್ಲ. ಬೇಕರಿ ಕೇಕಿನ ತುಂಡನ್ನೂ ಇದನ್ನೂ ಒಂದೇ ತಾಟಿನಲ್ಲಿಟ್ಟು ಯಾವುದು ಯಾವುದೆಂದು ಹೇಳದೆ ಕೊಟ್ಟರೆ, ಎರಡನೇ ಸಲ ಕೈ ಹೋದದ್ದು ಹೆಚ್ಚಾಗಿ ಇದಕ್ಕೇ. ಬೆಣ್ಣೆ ತಿರುವುವುದು, ಹಿಟ್ಟು ಕೂಡಿಸುವುದು ಬಲ್ಲವರಿಗಾಗಿ ಬರೆಯುತ್ತಿದ್ದೇನೆ, ಆ ಪಾಠ ಇಲ್ಲಿಲ್ಲ.

ಮೊದಲು ಒಣದ್ರಾಕ್ಷಿ. ಪ್ಲಮ್ ಕೇಕಿನಲ್ಲಿ ಪ್ಲಮ್ ಹಣ್ಣು ಇರುವುದಿಲ್ಲ. ಹಿಂದೆ ಇಂಗ್ಲಿಷಿನಲ್ಲಿ ಒಣದ್ರಾಕ್ಷಿಗೇ ಪ್ಲಮ್ ಎನ್ನುತ್ತಿದ್ದರು, ಹೆಸರು ಹಾಗೇ ಉಳಿದಿದೆ. ಹಾಗೆ ನೋಡಿದರೆ ಈ ಕೇಕಿನ ಜೀವಾಳ ನಮ್ಮ ತಿಕೋಟಾ, ಬಬಲೇಶ್ವರ ಕಡೆಯ ದ್ರಾಕ್ಷಿ ಒಣಗಿಸುವ ಶೆಡ್ಡುಗಳಲ್ಲೇ ಇದೆ. ಆದರೆ ಡಿಸೆಂಬರಿನಲ್ಲಿ ಸಿಗುವ ಮಾಲು ಹೊಸದಲ್ಲ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಒಣಗಿಸಿ ಕೋಲ್ಡ್ ಸ್ಟೋರೇಜಿನಲ್ಲಿಟ್ಟದ್ದು ಅದು. ಬಳ್ಳಿಯ ಮೇಲಿನ ಕಾಯಿ ಆಗ ಇನ್ನೂ ಹುಳಿ. ಹಸಿರು ಬಣ್ಣದ ಒಂದನೇ ನಂಬರಿಗೆ ದುಡ್ಡು ಸುರಿಯಬೇಡಿ, ಅದು ಹಾಗೇ ತಿನ್ನಲಿಕ್ಕೆ. ಕೇಕಿಗೆ ಕಂದು ತಿರುಗಿದ ಎರಡನೇ ನಂಬರ್ ಸಾಕು, ಸಿಹಿಯೂ ಗಟ್ಟಿ. ನನಗೆ ಕಿಲೋಕ್ಕೆ ಸುಮಾರು 100 ರೂಪಾಯಿ ಉಳಿಯಿತು.

ಇಲ್ಲಿ ಒಂದು ತೊಡಕಿದೆ. ಬೇಗ ಒಣಗಲೆಂದು ದ್ರಾಕ್ಷಿಯನ್ನು ಡಿಪ್ಪಿಂಗ್ ಆಯಿಲ್ ಮತ್ತು ಪೊಟ್ಯಾಸಿಯಂ ಕಾರ್ಬೊನೇಟ್ ಕರಗಿಸಿದ ನೀರಿನಲ್ಲಿ ಅದ್ದಿರುತ್ತಾರೆ, ಬಣ್ಣ ಕೆಡದಿರಲೆಂದು ಗಂಧಕದ ಹೊಗೆಯನ್ನೂ ಕೊಟ್ಟಿರುತ್ತಾರೆ. ತೊಳೆಯದೆ ಹಾಕಿದರೆ ಎರಡು ಕೇಡು. ಎಣ್ಣೆಯ ಪದರದಿಂದ ಹಣ್ಣು ರಸ ಕುಡಿಯುವುದಿಲ್ಲ, ಬೆಂದ ಕೇಕಿನಲ್ಲಿ ಕಡ್ಡಿ ಗೀರಿದಂಥ ವಾಸನೆ ಉಳಿಯುತ್ತದೆ. ನನ್ನ ಮೊದಲ ಕೇಕ್ ಅರ್ಧ ಕೆಟ್ಟದ್ದು ಇದರಿಂದಲೇ. ಕೈ ತಾಳುವಷ್ಟು ಬಿಸಿನೀರಿನಲ್ಲಿ ಎರಡು ಸಲ ತಿಕ್ಕಿ, ಮೂರನೇ ಸಲ ತಣ್ಣೀರಿನಲ್ಲಿ ಜಾಲಿಸಿ, ಪಂಚೆಯ ಮೇಲೆ ರಾತ್ರಿಯಿಡೀ ಹರವಿ. ಮೊದಲ ನೀರು ತೆಳು ಮಜ್ಜಿಗೆಯಂತೆ ಮಬ್ಬಾಗಿ ಬರುತ್ತದೆ, ಮೂರನೆಯದು ತಿಳಿಯಾಗಿರಬೇಕು.

ಎಂಟು ಇಂಚಿನ ಒಂದು ಡಬ್ಬಿಯ ಲೆಕ್ಕ ಇದು: ಒಣದ್ರಾಕ್ಷಿ 250 ಗ್ರಾಂ, ಬೀಜ ತೆಗೆದ ಖರ್ಜೂರ 80, ಗೋಡಂಬಿ ಚೂರು 50, ಮೈದಾ 200, ಉಪ್ಪಿಲ್ಲದ ಬೆಣ್ಣೆ 200, ಬೆಲ್ಲ 180, ಸುಡಲಿಕ್ಕೆ ಸಕ್ಕರೆ 60, ತತ್ತಿ 4, ಬೇಕಿಂಗ್ ಪೌಡರ್ ಮುಕ್ಕಾಲು ಚಮಚ, ಅಡಿಗೆ ಸೋಡಾ ಕಾಲು ಚಮಚ. ಲವಂಗ, ದಾಲ್ಚಿನ್ನಿ, ಜಾಜಿಕಾಯಿ, ಒಣಶುಂಠಿ ನಾಲ್ಕೂ ಸೇರಿ ಒಂದು ಚಮಚ ಪುಡಿ. ಅವುಗಳ ಪ್ರಮಾಣವನ್ನೂ, ಸುಟ್ಟ ಸಕ್ಕರೆಗೆ ಕೊನೆಯಲ್ಲಿ ಬೀಳುವ ಒಂದು ಚಿಟಿಕೆಯನ್ನೂ ಸದ್ಯ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ಹಣ್ಣು ನೆನೆಸಲು ರಮ್ಮೇ ಬೇಕೆಂದಿಲ್ಲ. ಹಾಲಿಲ್ಲದ ಕಡಕ್ ಚಹಾ 150 ಮಿಲಿ, ಒಂದು ಕಿತ್ತಳೆಯ ರಸ, ಅದರಲ್ಲಿ ಹಣ್ಣು ಹಾಕಿ ಸಣ್ಣ ಉರಿಯಲ್ಲಿ ಹತ್ತು ನಿಮಿಷ, ನೀರು ಹೀರುವ ತನಕ ಕುದಿಸಿ ಮುಚ್ಚಿಟ್ಟರೆ ಮರುದಿನಕ್ಕೆ ತಯಾರು. ಕುದಿಸದೆ ಬರೀ ರಸದಲ್ಲಿ ನಾಲ್ಕು ದಿನ ಇಟ್ಟರೆ ನೊರೆ ಏಳುತ್ತದೆ, ಹುಳಿ ಬರುತ್ತದೆ. ರಮ್ಮಿನದಾದರೆ ಗಾಜಿನ ಬರಣಿಯಲ್ಲಿ ಮೂರ್ನಾಲ್ಕು ವಾರ ಬೇಕು. ಚಹಾದ ಹಣ್ಣಿನ ಕೇಕ್ ಅಸಲಿ ಅಲ್ಲ ಎನ್ನುವವರಿಗೆ ಕೇರಳದ ತಲಶ್ಶೇರಿಯ ಬೇಕರಿಯವರಾದ ಮಂಬಳ್ಳಿ ಬಾಪು ನೆನಪಿರಲಿ. 1883ರಲ್ಲಿ ಮರ್ಡಾಕ್ ಬ್ರೌನ್ ಎಂಬ ತೋಟದ ಸಾಹೇಬರಿಗೆ ಕ್ರಿಸ್‌ಮಸ್ ಕೇಕ್ ಮಾಡಿಕೊಟ್ಟವರು ಅವರು. ಫ್ರೆಂಚ್ ಬ್ರಾಂದಿ ಹಾಕಿರೆಂದರೆ ಗೇರುಹಣ್ಣು, ಕದಳಿ ಬಾಳೆಯಿಂದ ಇಳಿಸಿದ ಊರಿನ ಮದ್ಯವನ್ನೇ ಹಾಕಿದರಂತೆ. ಊರಿನ ಸಾಮಾನು ಹಾಕುವುದು ಈ ಕೇಕಿಗೆ ಹೊಸದಲ್ಲ.

ಬೆಲ್ಲ ನಾನು ಮಹಾಲಿಂಗಪುರದ್ದೇ ತರುತ್ತೇನೆ. ಅಚ್ಚು ಒಡೆದು ಸೀದಾ ಬೆಣ್ಣೆಗೆ ಹಾಕಿದರೆ ತಿರುವಿದಷ್ಟೂ ಗಂಟು, ಹಲ್ಲಿಗೆ ಹರಳು. 60 ಮಿಲಿ ನೀರಿನಲ್ಲಿ ಕರಗಿಸಿ, ಬಟ್ಟೆಯಲ್ಲಿ ಸೋಸಿ, ಪೂರ್ತಿ ಆರಿಸಬೇಕು. "ಪೂರ್ತಿ" ಎಂಬುದನ್ನು ಒತ್ತಿ ಹೇಳುತ್ತೇನೆ. ಬೆಚ್ಚಗಿನ ಪಾಕ ಬಿದ್ದರೆ ತಿರುವಿದ ಬೆಣ್ಣೆ ಕರಗಿ ಅದರೊಳಗಿನ ಗಾಳಿ ಹೋಗುತ್ತದೆ, ಬೆಲ್ಲದ ಹುಳಿಗೆ ಸೋಡಾ ಪಾತ್ರೆಯಲ್ಲೇ ನೊರೆಯೆದ್ದು ತೀರಿಹೋಗುತ್ತದೆ. ಬೇಯುವಾಗ ಎಬ್ಬಿಸಲು ಏನೂ ಉಳಿಯುವುದಿಲ್ಲ. ಗೆಳೆಯರು ಹುಗ್ಗಿ ಎಂದದ್ದು ಇಂಥ ಕೇಕಿಗೇ, ಆ ಮಾತು ಸರಿಯಾಗಿತ್ತು. ಸಕ್ಕರೆಯನ್ನು ಬಣ್ಣಕ್ಕಾಗಿ ಸುಡಬೇಕು: ಕಡಕ್ ಚಹಾದ ಬಣ್ಣ ದಾಟಿ ಹೊಗೆ ಏಳುವ ಕ್ಷಣಕ್ಕೆ ಕುದಿಯುವ ನೀರು ನಾಲ್ಕು ಚಮಚ ಹಾಕಿ. ತಣ್ಣೀರು ಹಾಕಿದರೆ ಮುಖಕ್ಕೆ ಸಿಡಿಯುತ್ತದೆ.

ಡಿಸೆಂಬರಿನ ನಮ್ಮ ಚಳಿಯೂ ಲೆಕ್ಕಕ್ಕೆ ಬರುತ್ತದೆ. ಬೆಳಗಿನ ಹೊತ್ತು ಬೆಣ್ಣೆ ಕಲ್ಲಿನಂತಿರುತ್ತದೆ, ಬಿಸಿ ಮಾಡಿ ಕರಗಿಸಿದರೆ ಕೆಟ್ಟಿತು. ಹತ್ತು ಗಂಟೆಯ ಎಳೆಬಿಸಿಲಿನಲ್ಲಿ ಅರ್ಧ ತಾಸು ಇಟ್ಟರೆ ಬೆರಳೊತ್ತಿದರೆ ಗುಳಿ ಬೀಳುವಷ್ಟು ಆಗುತ್ತದೆ. ತತ್ತಿಗಳನ್ನೂ ಪಕ್ಕದಲ್ಲೇ ಇಡಿ, ತಣ್ಣಗಿದ್ದರೆ ಬೆಣ್ಣೆ ಒಡೆದು ಮೊಸರಿನಂತಾಗುತ್ತದೆ.

ಇನ್ನು ಮುಖ್ಯ ಕೆಲಸ. ಬೋಗಾಣಿ 13 ಇಂಚು ಅಗಲ, ದಪ್ಪ ತಳದ್ದಿರಬೇಕು. ತೆಳು ಅಲ್ಯುಮಿನಿಯಂ ಒಣ ಉರಿಗೆ ಡೊಂಕಾಗುತ್ತದೆ, ನನ್ನದೊಂದು ಹೋಯಿತು, 700 ರೂಪಾಯಿ. ತಳಕ್ಕೆ ಎರಡು ಇಂಚು ಉಸುಕು, ಆರೇಳು ಕಿಲೋ ಹಿಡಿಯುತ್ತದೆ. ಉಸುಕನ್ನು ನೀರು ತಿಳಿಯಾಗುವ ತನಕ ತೊಳೆದು ಎರಡು ದಿನ ಬಿಸಿಲಿಗೆ ಹಾಕಬೇಕು. ಒಣಗಿದಂತೆ ಕಂಡರೂ ಹೊಟ್ಟೆಯಲ್ಲಿ ತೇವ ಉಳಿದಿರುತ್ತದೆ. ಬೋಗಾಣಿಗೆ ಹಾಕಿ ಕಾಯಿಸಿ ತಣ್ಣಗಿನ ಸ್ಟೀಲ್ ತಾಟು ಮುಚ್ಚಿ, ಎರಡು ನಿಮಿಷದ ಮೇಲೆ ತಾಟು ತಿರುಗಿಸಿ ನೋಡಿ. ಒಂದು ಹನಿ ಕಂಡರೂ ಇನ್ನೂ ಕಾಯಿಸಿ. ತೇವದ ಉಸುಕಿನಲ್ಲಿ ಕೇಕ್ ಬೇಯುವುದಿಲ್ಲ, ಇಡ್ಲಿಯಂತೆ ಹಬೆಯಲ್ಲಿ ಏಳುತ್ತದೆ. ಮೇಲ್ಭಾಗ ಅಂಟಂಟಾಗಿ, ಮುಟ್ಟಿದರೆ ಬೆರಳಿಗೆ ಸಿಪ್ಪೆಯಂತೆ ಬರುತ್ತದೆ. ಉಪ್ಪಿನಲ್ಲೂ ಮಾಡಿ ನೋಡಿದೆ, ಕಾವು ಚೆನ್ನಾಗಿಯೇ ಹಿಡಿಯುತ್ತದೆ. ಆದರೆ ಬೋಗಾಣಿಯ ಅಂಚನ್ನು ತಿನ್ನುತ್ತದೆ, ಅದಕ್ಕೇ ಬಿಟ್ಟೆ.

ಎಲ್ಲರೂ ಸೋಲುವುದು ಮೇಲಿನ ಕಾವಿನಲ್ಲಿ. ಕೆಳಗೆ ಮಾತ್ರ ಉರಿ ಇದ್ದರೆ ತಳ ಕರಕಾಗುವ ಹೊತ್ತಿಗೂ ಮೇಲೆ ಹಸಿಯೇ. ಉರಿ ಕಡಿಮೆ ಮಾಡಿದರೆ ಎರಡೂವರೆ ತಾಸು ಹಿಡಿದು ಕೇಕ್ ಒಣಗಿ ರವೆಯಾಗುತ್ತದೆ. ಗ್ಯಾಸಿನ ಮೇಲೂ ಇದೇ ಕಥೆ. ಪರಿಹಾರ ಸರಳ: ಮುಚ್ಚಳದ ಬದಲು ರೊಟ್ಟಿ ಸುಡುವ ಕಬ್ಬಿಣದ ಹಂಚು, ಅದರ ಮೇಲೆ ಕೆಂಡ. ಮೊದಲ 20 ನಿಮಿಷ ಶೇಗಡಿ ತುಂಬ ಕೆಂಡವಿಟ್ಟು ಉಸುಕು ಕಾಯಿಸಿ. ಆಮೇಲೆ ಕೆಳಗಿನದರಲ್ಲಿ ಅರ್ಧ ತೆಗೆದು ಹಂಚಿನ ಮೇಲೆ ಏರಿಸಿ. ನಿಂಬೆಹಣ್ಣಿನ ಗಾತ್ರದವು ಹನ್ನೆರಡು ಸಾಕು. ಅಂಚಿನ ಸುತ್ತ ಒಂಬತ್ತು, ನಡುವೆ ಮೂರು. ನಡುವೆ ರಾಶಿ ಹಾಕಿದರೆ ಮೇಲೆ ಬೇಗ ಗಟ್ಟಿ ಹೊರಪದರ ಕಟ್ಟಿ, ಒಳಗಿನ ಹಿಟ್ಟು ಅದನ್ನು ಸೀಳಿಕೊಂಡು ಏಳುತ್ತದೆ.

ಕಾವು ನೋಡಲು ನಾನು ಬಿಳಿ ಹಾಳಿಯ ತುಂಡು ಬಳಸುತ್ತೇನೆ. ಡಬ್ಬಿ ಕೂರಿಸಲು ಉಸುಕಿನ ಮೇಲಿಟ್ಟ ಸ್ಟ್ಯಾಂಡಿನ ಮೇಲಿಟ್ಟು ಹಂಚು ಮುಚ್ಚಿ ಮೂರು ನಿಮಿಷ ಬಿಡಿ. ಗೋಧಿಹಿಟ್ಟಿನ ಬಣ್ಣಕ್ಕೆ ತಿರುಗಿದರೆ ಡಬ್ಬಿ ಇಡಬಹುದು. ಕಂದಾದರೆ ಕೆಳಗಿನ ಎರಡು ಕೆಂಡ ತೆಗೆಯಿರಿ. ಬೆಳ್ಳಗೇ ಇದ್ದರೆ ಕಾಯಿರಿ. ಡಬ್ಬಿಗೆ ತಳದಲ್ಲಿ ಮೂರು ಪದರ, ಸುತ್ತ ಎರಡು ಪದರ ಬೆಣ್ಣೆ ಕಾಗದ. ಒಣದ್ರಾಕ್ಷಿಯನ್ನು ಎರಡು ಚಮಚ ಮೈದಾದಲ್ಲಿ ಹೊರಳಿಸಿಯೇ ಹಿಟ್ಟಿಗೆ ಸೇರಿಸಿ, ಇಲ್ಲದಿದ್ದರೆ ಅಷ್ಟೂ ತಳಕ್ಕಿಳಿದು ಪದರವಾಗುತ್ತದೆ. ಹಿಟ್ಟು ಸೌಟಿನಿಂದ ತಾನಾಗಿ ಹರಿಯಬಾರದು, ಝಾಡಿಸಿದರೆ ಬೀಳಬೇಕು.

ಒಮ್ಮೆ ಮುಚ್ಚಿದ ಮೇಲೆ 50 ನಿಮಿಷ ಹಂಚು ಎತ್ತಬೇಡಿ. ಮೇಲಿನ ಕೆಂಡಕ್ಕೆ ಬೂದಿ ಕಟ್ಟಿದಾಗ, ಅಂದಾಜು 20 ನಿಮಿಷಕ್ಕೊಮ್ಮೆ, ಬೂದಿ ಝಾಡಿಸಿ ಮೂರ್ನಾಲ್ಕು ಹೊಸ ಕೆಂಡ ಇಟ್ಟರೆ ಸಾಕು. ಅರ್ಧ ತಾಸಿಗೇ ಎತ್ತಿ ನೋಡಿದ ಕೇಕಿನ ನಡುವೆ ಅಂಗೈಯಷ್ಟು ಗುಂಡಿ ಬಿತ್ತು, ಮತ್ತೆ ಏಳಲಿಲ್ಲ. ನನಗೆ ಒಟ್ಟು 85ರಿಂದ 95 ನಿಮಿಷ ಹಿಡಿಯುತ್ತದೆ. ಪೊರಕೆಕಡ್ಡಿ ಚುಚ್ಚಿದರೆ ಹಸಿ ಹಿಟ್ಟು ಬರಬಾರದು, ಹಣ್ಣಿನ ಅಂಟು ಬಂದರೆ ಚಿಂತೆಯಿಲ್ಲ. ಇಷ್ಟೆಲ್ಲ ಮಾಳಿಗಿ ಮೇಲೋ ಅಂಗಳದಲ್ಲೋ ಆಗಬೇಕು. ಚಳಿಯೆಂದು ಇದ್ದಲಿ ಶೇಗಡಿಯನ್ನು ಬಾಗಿಲು ಮುಚ್ಚಿದ ಕೋಣೆಯಲ್ಲಿಡಬೇಡಿ. ಅದರ ವಿಷಗಾಳಿಗೆ ವಾಸನೆಯಿಲ್ಲ, ಜೀವ ಹೋಗುತ್ತದೆ.

ನಮ್ಮ ಕೂಟದಲ್ಲಿ ಹತ್ತು ಹನ್ನೆರಡು ಮಂದಿ ತತ್ತಿ ಮುಟ್ಟುವುದಿಲ್ಲ, ಹಾಗಾಗಿ ಎರಡನೇ ಕೇಕ್ ಯಾವಾಗಲೂ ತತ್ತಿ, ರಮ್ ಎರಡೂ ಇಲ್ಲದ್ದು. ನಾಲ್ಕು ತತ್ತಿಯ ಬದಲು ಗಟ್ಟಿ ಮೊಸರು 180 ಗ್ರಾಂ, ಎಣ್ಣೆ ಎರಡು ಚಮಚ, ಮೈದಾ 230ಕ್ಕೆ ಏರಿಸಿ, ಸೋಡಾ ಅರ್ಧ ಚಮಚ. ಹತ್ತು ನಿಮಿಷ ಹೆಚ್ಚು ಬೇಯಬೇಕು. ಡಬ್ಬಿ, ಸೌಟು, ಚಾಕು ಬೇರೆಯೇ ಇರಲಿ, ಕೇಕಿನ ಮೇಲೆ ಚೀಟಿಯೂ ಇರಲಿ. ಗೆಳೆಯರು ಕೇಳಿ ಕೇಳಿ ತಿನ್ನುವ ಹಾಗೆ ಆಗಬಾರದು.

ನಡುನಡುವೆ ಬೇರೆ ಪ್ರಯೋಗಗಳೂ ಆದವು. ಮೈದಾದಲ್ಲಿ 50 ಗ್ರಾಂ ಜೋಳದ ಹಿಟ್ಟು ಸೇರಿಸಿದರೆ ರುಚಿ ಏರುತ್ತದೆ, 100 ಹಾಕಿದರೆ ಕೊಯ್ಯುವಾಗ ಪುಡಿಪುಡಿ. ಜೋಳಕ್ಕೆ ಜಿಗಿಯಿಲ್ಲ. ಅಮೀನಗಡದ ಕರದಂಟು ಚೂರು ಮಾಡಿ ಹಾಕಿದ್ದು ವ್ಯರ್ಥ. ಅದರಲ್ಲಿನ ತಿನ್ನುವ ಅಂಟು (ಗೋಂದು) ಹಸಿಹಿಟ್ಟಿನಲ್ಲಿ ಉಬ್ಬಿ ಲೋಳೆಯಾಯಿತು, ಕರದಂಟು ಪಕ್ಕದ ತಾಟಿನಲ್ಲಿದ್ದರೇ ಚೆಂದ. ಇಂಡಿ ನಿಂಬೆಯ ಸಿಪ್ಪೆಯನ್ನು ಮೂರು ಸಲ ಕುದಿಸಿ ನೀರು ಚೆಲ್ಲಿ ಪಾಕಕ್ಕೆ ಹಾಕಿದರೂ ಸಣ್ಣ ಕಹಿ ಉಳಿಯಿತು, 20 ಗ್ರಾಂ ದಾಟಿಸಬೇಡಿ. ಗೆದ್ದದ್ದು ಕುಲ್‌ಕುಲ್, ಕ್ರಿಸ್‌ಮಸ್‌ಗೆ ಕರಿಯುವ ಸುರುಳಿ ಸಿಹಿತಿಂಡಿ. ಕ್ರೈಸ್ತ ಗೆಳೆಯರ ಮನೆಗಳಲ್ಲಿ ಅದನ್ನು ಫೋರ್ಕಿನ ಬೆನ್ನಿನ ಮೇಲೆ ಸುರುಳಿ ಮಾಡುತ್ತಾರೆ. ನಮ್ಮಲ್ಲಿ ಪಾಯಸದ ಗವಲಿ ಹೊಸೆಯುವ ಗೀರುಮಣೆ ಇದೆಯಲ್ಲ, ಅದರ ಮೇಲೆ ಹೆಬ್ಬೆರಳಿನಿಂದ ಎಳೆದರೆ ಗೆರೆ ಇನ್ನೂ ಸಣ್ಣಗೆ ಬೀಳುತ್ತದೆ, ಕೈಯೂ ಬೇಗ ಓಡುತ್ತದೆ. ನಾಲ್ಕು ಮಂದಿ ಹರಟುತ್ತ ಕುಳಿತರೆ ಒಂದು ತಾಸಿಗೆ ಕಿಲೋ ಹಿಟ್ಟು ಮುಗಿಯುತ್ತದೆ.

ಖರ್ಚು ನೆನಪಿದ್ದಷ್ಟು: ಒಂದು ಕೇಕಿಗೆ ಬೆಣ್ಣೆ 120, ಒಣದ್ರಾಕ್ಷಿ 70, ಗೋಡಂಬಿ 45, ಇದ್ದಲಿ ಒಂದೂವರೆ ಕಿಲೋ 60, ಉಳಿದದ್ದೆಲ್ಲ ಸೇರಿ 110ರ ಸುತ್ತ. ಒಟ್ಟು 400 ಚಿಲ್ಲರೆ, ತೂಕ ಒಂದೂಕಾಲು ಕಿಲೋ. ಇಷ್ಟು ಹಣ್ಣು ತುಂಬಿದ ಕೇಕನ್ನು ಹೊರಗೆ ಕೊಂಡರೆ ಇದರ ಎರಡು ಪಟ್ಟು ಕೊಟ್ಟಿದ್ದೇನೆ. ಕಲಿಯುವಾಗ ಕೆಟ್ಟ ನಾಲ್ಕು ಕೇಕಿಗೆ 1,500, ಬೋಗಾಣಿಗೆ 700 ಹೋದದ್ದನ್ನೂ ಹಿಡಿದರೆ ಈ ವರ್ಷದ ಎರಡಕ್ಕೆ ಲೆಕ್ಕ ಸರಿಹೋಗುತ್ತದೆ.

ಕೇಕ್ 20ನೇ ತಾರೀಖಿಗೇ ಬೆಂದಿರಬೇಕು. ಡಬ್ಬಿಯಲ್ಲೇ ರಾತ್ರಿ ಆರಿಸಿ, ಬೆಣ್ಣೆ ಕಾಗದ ಸುತ್ತಿ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿಡಿ. ರಮ್ಮಿನದಕ್ಕೆ ದಿನಕ್ಕೊಂದು ಚಮಚ ರಮ್ ಉಣಿಸಬಹುದು. ಚಹಾದ ಕೇಕಿಗೆ ಮೇಲಿಂದ ರಸ ಹಾಕಬೇಡಿ, ಬೂಷ್ಟು ಬರುತ್ತದೆ. ಅದನ್ನು ಐದಾರು ದಿನದಲ್ಲಿ ಮುಗಿಸಿ.

ಕೂಟ 25ರ ಸಂಜೆ. ಪುಣೆ, ಬೆಂಗಳೂರಿನಲ್ಲಿರುವ ಗೆಳೆಯರು ರಜೆಗೆ ಬಂದಿರುತ್ತಾರೆ, ಎಳ್ಳಮಾಸಿ (ಎಳ್ಳು ಅಮಾವಾಸ್ಯೆ) ಕೆಲವು ವರ್ಷ ಅದರ ಹಿಂದೆಮುಂದೆಯೇ ಬರುತ್ತದೆ. ಹಾಗಾಗಿ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗಿ ಒಂದಿಲ್ಲೊಂದು ಮನೆಯಿಂದ ಬಂದೇ ಬರುತ್ತವೆ. ತಲೆಗೆ 100 ರೂಪಾಯಿ ಕೂಡಿಸಿದರೆ ಕೇಕ್, ಇದ್ದಲಿ, ಚಹಾ, ಸೀತನಿ (ಸುಟ್ಟ ಎಳೆ ಜೋಳ) ಎಲ್ಲಕ್ಕೂ ಸಾಕು. ಹಿಂಗಾರಿ ಜೋಳ ಮುಂಚೆ ಬಿತ್ತಿದ ಹೊಲದಲ್ಲಿ ಆ ಹೊತ್ತಿಗೆ ಹಾಲು ಗಟ್ಟಿಯಾದ ತೆನೆ ಸಿಗುತ್ತದೆ. ಉಗುರಿನಿಂದ ಒತ್ತಿದರೆ ಹಾಲು ಚಿಮ್ಮಬಾರದು, ಬೆಣ್ಣೆಯಂತೆ ಬರಬೇಕು. ಅದೇ ಶೇಗಡಿಯ ಕೆಂಡದಲ್ಲಿ ಸುಟ್ಟು, ಬಿಸಿಯಿರುವಾಗಲೇ ಗೋಣಿತಟ್ಟಿನಲ್ಲಿ ತಿಕ್ಕಿ, ಮೊರದಲ್ಲಿ ಕೇರಿ, ಶೇಂಗಾ ಚಟ್ನಿ ಮೊಸರಿನ ಜೊತೆ ಮೊದಲು ಕೊಡಿ. ಕೇಕ್ ಮೊದಲು ಕೊಟ್ಟರೆ ಸಿಹಿಯ ಮೇಲೆ ಸೀತನಿಯ ರುಚಿ ಹತ್ತುವುದಿಲ್ಲ.

ಕೇಕ್ ಕೊಯ್ಯಲು ತೆಳು ಅಲಗಿನ ಚಾಕು, ಬಿಸಿನೀರಿಗೆ ಅದ್ದಿ ಒರೆಸಿ, ಗರಗಸದಂತೆ ಎಳೆಯದೆ ಒತ್ತಿ ಇಳಿಸಬೇಕು. ಎರಡು ಬೆರಳಗಲದ ತುಂಡು, 50 ಗ್ರಾಂ. ಒಂದು ಕೇಕಿಗೆ 24 ಬರುತ್ತವೆ. ಅಂಚಿನ ತುಂಡುಗಳನ್ನು ಹಿಂದಿಡಿ, ಗಟ್ಟಿ ಹೊರಪದರ ಇರುವ ಅವು ಮೆತ್ತಗಾಗದೆ ಬಸ್ಸಿನಲ್ಲಿ ಪುಣೆಗೆ ಹೋಗುವವರ ಡಬ್ಬಿಗೆ ಸರಿ. ಉಸುಕು ಮರುದಿನ ಆರಿದ ಮೇಲೆ ಸಾಣಿಗಿ ಹಿಡಿದು, ಮುಚ್ಚಳದ ಡಬ್ಬಿಗೆ ತುಂಬಿ, ಮಳೆನೀರು ತಾಗದ ಕಡೆ ಇಡಿ. ನನ್ನದು ಮೂರನೇ ವರ್ಷಕ್ಕೂ ಅದೇ ಉಸುಕು, ಈಗ ಹನಿ ನೋಡುವ ಪರೀಕ್ಷೆ ಐದು ನಿಮಿಷದಲ್ಲಿ ಮುಗಿಯುತ್ತದೆ.