ಓಡಿಹೋದ ಕುದುರೆಗಳನ್ನು ಮೊದಲು ಹಿಡಿದು ತನ್ನಿ

ಹಳೆಯ ಸ್ಪೋರ್ಟ್ಸ್ ಕಾರಿನ ಟ್ಯೂನಿಂಗ್: ಯಾವುದು ಮೊದಲು, ಯಾವುದು ಆಮೇಲೆ

ಹಳೆಯ ಸ್ಪೋರ್ಟ್ಸ್ ಕಾರು ಮನೆಗೆ ಬಂದ ವಾರದೊಳಗೆ ಒಂದು ಕಾಯಿಲೆ ಅಂಟಿಕೊಳ್ಳುತ್ತದೆ. ರಾತ್ರಿ ನಿದ್ದೆಗೆಟ್ಟು ಟರ್ಬೊ ಕಿಟ್‌ಗಳನ್ನು ನೋಡುವುದು, ದಪ್ಪ ಸೈಲೆನ್ಸರಿನ ಸದ್ದಿಗೆ ಕಿವಿ ಕೊಡುವುದು, ‘ಇದೊಂದು ಹಾಕಿ, 30 ಅಶ್ವಶಕ್ತಿ ಜಾಸ್ತಿ’ ಎಂದವರ ಮಾತಿಗೆ ತಲೆದೂಗುವುದು. ನನಗೂ ಬಂದಿತ್ತು. ವಾಸಿಯಾಗಿದ್ದು ಒಂದು ಸಣ್ಣ ಲೆಕ್ಕದಿಂದ. ಮೂವತ್ತು ವರ್ಷ ಓಡಿದ ಎಂಜಿನ್ ಕಾರ್ಖಾನೆಯಿಂದ ಹೊರಬಿದ್ದ ದಿನದ ಶಕ್ತಿಯನ್ನು ಇವತ್ತು ಕೊಡುತ್ತಿರುವುದಿಲ್ಲ. ಸವೆದ ಪ್ಲಗ್ಗು, ಗಾಳಿ ಎಳೆಯುವ ಪೈಪು, ಜಾರಿದ ಟೈಮಿಂಗು (ಕಿಡಿ ಹಾರುವ ಗಳಿಗೆ) ತಲಾ ಒಂದೆರಡು ಕುದುರೆಗಳನ್ನು ಹಗ್ಗ ಬಿಚ್ಚಿ ಕಳಿಸಿರುತ್ತವೆ. ಹೊಸ ಕುದುರೆ ಕೊಳ್ಳುವುದಕ್ಕಿಂತ ಲಾಯದಿಂದ ಓಡಿಹೋದವನ್ನು ಹಿಡಿದು ತರುವುದು ಅಗ್ಗ. ಆಮೇಲೆ ನಿಲ್ಲಿಸುವ ಶಕ್ತಿ, ಆಮೇಲೆ ತಿರುವಿನ ಹಿಡಿತ. ಎಂಜಿನ್ನಿಗೆ ಹೊಸ ಬಲ ತುಂಬುವ ಮಾತು ಕಟ್ಟಕಡೆಗೆ.

ಉದಾಹರಣೆಗೆ ಎರಡು ಕಾರುಗಳನ್ನು ಇಟ್ಟುಕೊಳ್ಳುತ್ತೇನೆ. ಒಂದು, 1989ರಲ್ಲಿ ಬಂದ ಮೊದಲ ತಲೆಮಾರಿನ ಮಾಜ್ದಾ ಎಂಎಕ್ಸ್-5, 1.6 ಲೀಟರ್ ಎಂಜಿನ್, ಫ್ಯುಯೆಲ್ ಇಂಜೆಕ್ಷನ್. ಇನ್ನೊಂದು, 1962ರಿಂದ 1980ರವರೆಗೆ ತಯಾರಾದ ಎಂಜಿಬಿ. 1798 ಸಿಸಿ, ಎಸ್‌ಯು ಕಂಪನಿಯ ಎರಡು ಕಾರ್ಬೊರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸುವ ಸಾಧನ) ಇರುವ ಮಾದರಿ. ನಿಮ್ಮ ಕಾರು ಬೇರೆಯಾದರೂ ಕ್ರಮ ಇದೇ. ಅಂಕಿಗಳನ್ನು ಮಾತ್ರ ನಿಮ್ಮ ಕಾರಿನ ವರ್ಕ್‌ಶಾಪ್ ಕೈಪಿಡಿಯಿಂದಲೇ ತೆಗೆದುಕೊಳ್ಳಿ.

ನಾಡಿ ನೋಡುವುದು

ಮೊದಲ ಕೆಲಸ ಕಂಪ್ರೆಷನ್ ಪರೀಕ್ಷೆ, ಅಂದರೆ ಪ್ರತಿ ಸಿಲಿಂಡರ್ ಗಾಳಿಯನ್ನು ಎಷ್ಟು ಒತ್ತಡಕ್ಕೆ ಅದುಮುತ್ತದೆ ಎಂದು ಅಳೆಯುವುದು. ಎಂಜಿನ್ ಚೆನ್ನಾಗಿ ಬಿಸಿಯಾಗಲಿ. ಇಗ್ನಿಷನ್ ಕಾಯಿಲ್‌ನ ವೈರ್ ಬಿಚ್ಚಿ, ಪೆಟ್ರೋಲ್ ಪಂಪಿನ ಫ್ಯೂಸ್ ಕಿತ್ತಿಡಿ. ನಾಲ್ಕೂ ಪ್ಲಗ್ ತೆಗೆದು, ಒಂದು ತೂತಿಗೆ ಗೇಜ್ ಕೂರಿಸಿ. ಒಳಗೆ ಕೂತವರು ಆಕ್ಸಿಲರೇಟರನ್ನು ನೆಲಕ್ಕೊತ್ತಿ ಹಿಡಿದು ಸ್ಟಾರ್ಟರ್ ತಿರುಗಿಸಲಿ. ಮುಳ್ಳು ಏರುವುದು ನಿಲ್ಲುವವರೆಗೆ, ಅಂದರೆ ಐದಾರು ಸುತ್ತು. ಆಕ್ಸಿಲರೇಟರ್ ಒತ್ತದೇ ನೋಡಿದರೆ ಎಂಜಿನ್ನಿಗೆ ಗಾಳಿಯೇ ಸಿಗದೆ ಅಂಕಿ ಕಡಿಮೆ ಬರುತ್ತದೆ. ಒಳ್ಳೆಯ ಎಂಜಿನ್ನಿಗೆ ಸುಮ್ಮನೆ ಕೆಟ್ಟ ಹೆಸರು.

ಅಂಕಿ ಎಷ್ಟು ಬಂತು ಅನ್ನುವುದಕ್ಕಿಂತ ನಾಲ್ಕರ ನಡುವೆ ಎಷ್ಟು ವ್ಯತ್ಯಾಸ ಎನ್ನುವುದು ಮುಖ್ಯ. ಶೇ 10ರೊಳಗಿದ್ದರೆ ನೆಮ್ಮದಿ. 170, 168, 172 ಪಿಎಸ್‌ಐ ಬಂದು ನಾಲ್ಕನೆಯದು 125ಕ್ಕೆ ನಿಂತಿತು ಅಂದುಕೊಳ್ಳಿ. ಆ ತೂತಿಗೆ ಒಂದು ಟೀ ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ. ಅಂಕಿ ಮೇಲೆದ್ದರೆ ಪಿಸ್ಟನ್ ರಿಂಗ್ ಸವೆದಿದೆ, ಆಯಿಲ್ ಆ ಸಂದನ್ನು ತಾತ್ಕಾಲಿಕವಾಗಿ ಮುಚ್ಚಿತು ಎಂದರ್ಥ. ಏಳದಿದ್ದರೆ ವಾಲ್ವ್ ಕಡೆ ಅನುಮಾನ. ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೇ ಕುಸಿದಿದ್ದರೆ ನಡುವಿನ ಹೆಡ್ ಗ್ಯಾಸ್ಕೆಟ್ ಸುಟ್ಟಿರುವ ಸಾಧ್ಯತೆ ಹೆಚ್ಚು. ಇಲ್ಲಿ ಫೇಲಾದ ಎಂಜಿನ್ನಿಗೆ ಟ್ಯೂನಿಂಗ್ ಬೇಡ, ರಿಪೇರಿ ಬೇಕು. ಮುಂದಿನ ಯಾವ ಹೆಜ್ಜೆಯೂ ಅದಕ್ಕೆ ಅನ್ವಯಿಸುವುದಿಲ್ಲ.

ಆಮೇಲೆ ಗಾಳಿ ಸೋರಿಕೆ. ಇದರಲ್ಲಿ ನಾನು ಪೂರ್ತಿ ಎರಡು ಭಾನುವಾರ ಕಳೆದುಕೊಂಡವನು. ಕಾರು ನಿಂತಲ್ಲೇ ಐಡಲ್ (ಆಕ್ಸಿಲರೇಟರ್ ಒತ್ತದಿದ್ದಾಗಿನ ಎಂಜಿನ್ ವೇಗ) ಏರುವುದು ಇಳಿಯುವುದು, ಸಿಗ್ನಲ್ಲಿನಲ್ಲಿ ಉಸಿರು ಕಟ್ಟಿದ ಹಾಗೆ ನಡುಗುವುದು. ಪ್ಲಗ್ ಬದಲಿಸಿದೆ, ಪ್ಲಗ್ ವೈರ್ ಬದಲಿಸಿದೆ, ಕೊನೆಗೆ ಒಂದು ಸೆನ್ಸರ್ ಕೂಡ. ಏನೂ ಫಲವಿಲ್ಲ. ಕೊನೆಗೊಮ್ಮೆ ಬೇಸತ್ತು ಇನ್‌ಟೇಕ್ ಮ್ಯಾನಿಫೋಲ್ಡಿನ ಕೆಳಗಿನ ಬೆರಳು ಗಾತ್ರದ ರಬ್ಬರ್ ಪೈಪನ್ನು ಇಕ್ಕಳದಲ್ಲಿ ಒತ್ತಿ ಹಿಡಿದೆ. ಎಂಜಿನ್ ತಟ್ಟನೆ ಸಮಾಧಾನವಾಯಿತು. ಮೇಲಿಂದ ಕಪ್ಪಗೆ ಹೊಳೆಯುತ್ತಿದ್ದ ಪೈಪು ತಳದಲ್ಲಿ ಉದ್ದಕ್ಕೂ ಸೀಳಿತ್ತು. ಅಳತೆಗೆ ಸಿಗದ ಗಾಳಿ ಒಳಗೆ ಹೋದರೆ ಪೆಟ್ರೋಲಿನ ಲೆಕ್ಕ ತಪ್ಪುತ್ತದೆ. ಆದ್ದರಿಂದ ಹಳೆಯ ಕಾರಿನ ವ್ಯಾಕ್ಯೂಮ್ ಪೈಪುಗಳನ್ನು ಕಣ್ಣಿನಿಂದ ನೋಡಬೇಡಿ, ಬೆರಳಿನಿಂದ ಬಾಗಿಸಿ ನೋಡಿ. ಅನುಮಾನ ಬಂದರೆ ಅಷ್ಟನ್ನೂ ಬದಲಿಸಿ.

ಪ್ಲಗ್ ಬಿಚ್ಚಿದಾಗ ಅದರ ಬಣ್ಣ ಓದುವುದನ್ನು ಮರೆಯಬೇಡಿ. ತಿಳಿ ಕಂದು ಒಳ್ಳೆಯದು. ಒಣ ಮಸಿ ಹಿಡಿದಿದ್ದರೆ ಪೆಟ್ರೋಲ್ ಹೆಚ್ಚು, ಎಣ್ಣೆ ಜಿಡ್ಡಿದ್ದರೆ ಆಯಿಲ್ ಒಳಬರುತ್ತಿದೆ. ಬೆಳ್ಳಗೆ ಗುಳ್ಳೆ ಎದ್ದಿದ್ದರೆ ಮಿಶ್ರಣ ತೆಳುವಾಗಿ ವಿಪರೀತ ಬಿಸಿಯಾಗುತ್ತಿದೆ. ಅಂಥ ಕಾರನ್ನು ಜೋರಾಗಿ ಓಡಿಸಬೇಡಿ.

ಟೈಮಿಂಗ್ ಬೆಲ್ಟಿನ (ವಾಲ್ವ್‌ಗಳನ್ನು ಪಿಸ್ಟನ್ನಿನ ತಾಳಕ್ಕೆ ಕೂಡಿಸುವ ಪಟ್ಟಿ) ಚರಿತ್ರೆ ಗೊತ್ತಿಲ್ಲದಿದ್ದರೆ ಬದಲಿಸಿಬಿಡಿ. ಎಂಎಕ್ಸ್-5ಕ್ಕೆ ಅದರ ಅವಧಿ 60,000 ಮೈಲಿ, ಹೆಚ್ಚುಕಡಿಮೆ 96,000 ಕಿ.ಮೀ. ಮೊದಲ ಎರಡು ವರ್ಷದ ಎಂಜಿನ್‌ಗಳಲ್ಲಿ ಕ್ರ್ಯಾಂಕ್‌ಶಾಫ್ಟಿನ ಮೂತಿ ಗಿಡ್ಡ. ಅಲ್ಲಿನ ಬೋಲ್ಟ್ ಸರಿಯಾದ ಬಿಗಿಯಲ್ಲಿ ಕೂರದಿದ್ದರೆ ಪುಲ್ಲಿ ಅಲ್ಲಾಡಿ, ಅದರ ಕೀಲಿ ಕೂರುವ ಕಚ್ಚನ್ನೇ ತಿಂದುಹಾಕುತ್ತದೆ. ಬೆಲ್ಟ್ ಬದಲಿಸುವಾಗ ಟಾರ್ಕ್ ರೆಂಚ್ ಇಲ್ಲದೆ ಆ ಬೋಲ್ಟನ್ನು ಮುಟ್ಟಬೇಡಿ.

ಕಿಡಿಯ ಹೊತ್ತು, ಪೆಟ್ರೋಲಿನ ಹದ

ದುಡ್ಡಿಲ್ಲದೆ ಸಿಗುವ ಪಿಕಪ್ ಇಲ್ಲಿದೆ. ಎಂಎಕ್ಸ್-5ರ ಮೂಲ ಟೈಮಿಂಗ್, ಪಿಸ್ಟನ್ ಮೇಲ್ತುದಿ ಮುಟ್ಟುವ 10 ಡಿಗ್ರಿ ಮೊದಲು. ಬಾನೆಟ್ ಒಳಗಿನ ಡಯಾಗ್ನೊಸಿಸ್ ಡಬ್ಬಿಯಲ್ಲಿ ಟಿಇಎನ್ ಮತ್ತು ಜಿಎನ್‌ಡಿ ಎಂದು ಬರೆದಿರುವ ಎರಡು ಕಿಂಡಿಗಳನ್ನು ಒಂದು ವೈರ್ ತುಂಡಿನಿಂದ ಸೇರಿಸಿದರೆ ಎಂಜಿನ್ನಿನ ಕಂಪ್ಯೂಟರ್ ಟೈಮಿಂಗಿನಿಂದ ತನ್ನ ಕೈ ಹಿಂತೆಗೆದುಕೊಳ್ಳುತ್ತದೆ. ಐಡಲ್ ನಿಮಿಷಕ್ಕೆ 850 ಸುತ್ತಿನ (ಆರ್‌ಪಿಎಂ) ಆಸುಪಾಸು ಇರಲಿ. ಒಂದನೇ ಪ್ಲಗ್ ವೈರಿಗೆ ಟೈಮಿಂಗ್ ಲೈಟ್ ಸಿಕ್ಕಿಸಿ ಪುಲ್ಲಿಯ ಗುರುತು ನೋಡಿ. ಸಿಲಿಂಡರ್ ಹೆಡ್ಡಿನ ಹಿಂತುದಿಯಲ್ಲಿರುವ ಕ್ಯಾಮ್ ಆ್ಯಂಗಲ್ ಸೆನ್ಸರಿನ ಬೋಲ್ಟ್ ಸಡಿಲಿಸಿ ಕೂದಲೆಳೆಯಷ್ಟು ತಿರುಗಿಸಿದರೂ ಗುರುತು ಸರಿಯುತ್ತದೆ. ಹವ್ಯಾಸಿಗಳು ಸಾಮಾನ್ಯವಾಗಿ 14 ಡಿಗ್ರಿಗೆ ನಿಲ್ಲಿಸುತ್ತಾರೆ. ಕೆಳಗಿನ ಆರ್‌ಪಿಎಂನಲ್ಲಿ ಕಾರು ಚುರುಕಾಗುವುದು ಮೊದಲ ತಿರುವಿನಲ್ಲೇ ತಿಳಿಯುತ್ತದೆ.

ಆದರೆ ಈ ಎಂಜಿನ್ನಿಗೆ ನಾಕ್ ಸೆನ್ಸರ್ ಇಲ್ಲ; ಕಿವಿಯೇ ಸೆನ್ಸರ್. ಏರಿನಲ್ಲಿ ಮೇಲಿನ ಗೇರಿನಲ್ಲಿದ್ದು ಆಕ್ಸಿಲರೇಟರ್ ಒತ್ತಿದಾಗ ತಗಡಿನ ಡಬ್ಬಿಯಲ್ಲಿ ಗೋಲಿ ಕುಲುಕಿದಂಥ ಸದ್ದು ಬಂದರೆ, ಮಿಶ್ರಣ ತನ್ನಷ್ಟಕ್ಕೆ ಸಿಡಿಯುತ್ತಿದೆ ಎಂದು ತಿಳಿಯಿರಿ. ಒಂದೋ ಹೆಚ್ಚಿನ ಆಕ್ಟೇನ್ (ತನ್ನಷ್ಟಕ್ಕೆ ಸಿಡಿಯದೆ ತಡೆಯುವ ಗುಣ) ಇರುವ ಪೆಟ್ರೋಲ್ ಹಾಕಬೇಕು, ಇಲ್ಲವೇ ಎರಡು ಡಿಗ್ರಿ ಹಿಂದಕ್ಕೆ ಬರಬೇಕು. ಸದ್ದನ್ನು ಕೇಳಿಯೂ ಓಡಿಸಿದರೆ ಪಿಸ್ಟನ್ನೇ ತೂತಾದೀತು.

ಎಂಜಿಬಿಯಂಥ ಕಾರ್ಬೊರೇಟರ್ ಕಾರಿನಲ್ಲಿ ಕೆಲಸದ ಸರದಿ ತಪ್ಪಬಾರದು: ಮೊದಲು ವಾಲ್ವ್ ಸಂದು (ತಣ್ಣಗಿರುವಾಗ 0.38 ಮಿ.ಮೀ.), ಆಮೇಲೆ ಪಾಯಿಂಟ್ (ಕಿಡಿಗಾಗಿ ವಿದ್ಯುತ್ತನ್ನು ಕಡಿದು ಕೂಡಿಸುವ ತುದಿಗಳು) ಮತ್ತು ಟೈಮಿಂಗ್, ಕೊನೆಗೆ ಕಾರ್ಬೊರೇಟರ್. ಕಾರ್ಬೊರೇಟರ್ ಮೇಲೆ ಹೊರಿಸಿದ ಆರೋಪಗಳಲ್ಲಿ ಅರ್ಧಕ್ಕರ್ಧ ಇಗ್ನಿಷನ್ ಮಾಡಿದ ತಪ್ಪು ಎಂಬುದು ನನ್ನ ಅನುಭವ.

ಎಸ್‌ಯು ಜೋಡಿಯನ್ನು ಹದ ಮಾಡುವುದು ಹೀಗೆ. ಏರ್ ಫಿಲ್ಟರ್ ಎರಡನ್ನೂ ತೆಗೆದಿಡಿ. ಎರಡೂ ಕಾರ್ಬೊರೇಟರನ್ನು ಜೋಡಿಸುವ ಸರಳಿನ ಕ್ಲಾಂಪ್ ಸಡಿಲಿಸಿ, ಒಂದರ ಹಂಗು ಇನ್ನೊಂದಕ್ಕಿಲ್ಲದಂತೆ ಮಾಡಿ. ಎರಡಡಿ ರಬ್ಬರ್ ಪೈಪಿನ ಒಂದು ತುದಿಯನ್ನು ಕಿವಿಗಿಟ್ಟು, ಇನ್ನೊಂದನ್ನು ಕಾರ್ಬೊರೇಟರಿನ ಬಾಯಿಗೆ ಹಿಡಿಯಿರಿ. ಬುಸ್ ಎಂಬ ಸದ್ದು ಕೇಳುತ್ತದೆ. ಪಕ್ಕದ್ದಕ್ಕೆ ಹಿಡಿಯಿರಿ. ಐಡಲ್ ಸ್ಕ್ರೂಗಳನ್ನು ತಿರುಗಿಸಿ ಎರಡರ ಬುಸುಗುಟ್ಟುವಿಕೆ ಒಂದೇ ಶ್ರುತಿಗೆ ಬರುವಂತೆ ಮಾಡಿ. ತಂಬೂರಿ ಕೂರಿಸಿದ ಹಾಗೆಯೇ, ಅವಸರ ಮಾಡಿದರೆ ಆಗುವುದಿಲ್ಲ. ಇದಕ್ಕೆ ಗಾಳಿ ಅಳೆಯುವ ಮೀಟರ್ ಸಿಗುತ್ತದೆ, ನನ್ನ ಹತ್ತಿರವೂ ಇದೆ. ಆದರೂ ಕೈ ಹೋಗುವುದು ಪೈಪಿಗೇ.

ಈಗ ಮಿಶ್ರಣ. ಕಾರ್ಬೊರೇಟರಿನ ಅಡಿಯಲ್ಲಿರುವ ಪುಟ್ಟ ಪಿನ್ನನ್ನು ಬೆರಳಿನಿಂದ ಮೆಲ್ಲಗೆ ಎತ್ತಿ, ಒಳಗಿನ ಪಿಸ್ಟನ್ ಒಂದು ಮಿಲಿಮೀಟರಿನಷ್ಟು ಏಳಲಿ. ಎಂಜಿನ್ ವೇಗ ಏರಿ ಅಲ್ಲೇ ನಿಂತರೆ ಪೆಟ್ರೋಲ್ ಹೆಚ್ಚು. ಕುಸಿದು ಸಾಯಲು ಹೊರಟರೆ ಕಡಿಮೆ. ಒಂದು ಕ್ಷಣ ಏರಿದಂತೆ ಮಾಡಿ ಮತ್ತೆ ಮೊದಲಿನಂತಾದರೆ ಹದ ಕೂತಿತು. ಹೆಚ್ಚು ಕಡಿಮೆಗೆ ಜೆಟ್ಟಿನ ಷಟ್ಕೋನ ನಟ್ಟನ್ನು ಒಂದು ಮುಖದಷ್ಟೇ, ಅಂದರೆ ಸುತ್ತಿನ ಆರನೇ ಒಂದು ಭಾಗ, ತಿರುಗಿಸಬೇಕು: ಮೇಲಕ್ಕೇರಿಸಿದರೆ ತೆಳು, ಕೆಳಗಿಳಿಸಿದರೆ ಗಟ್ಟಿ. ಎರಡೂ ಸರಿಹೋದ ಮೇಲೆ ಕ್ಲಾಂಪ್ ಬಿಗಿದು, ಮೇಲಿನ ಡ್ಯಾಷ್‌ಪಾಟಿಗೆ (ಒಳಗಿನ ಪಿಸ್ಟನ್ ಏಳುವುದನ್ನು ನಿಧಾನಿಸುವ ಪುಟ್ಟ ಕೊಳವೆ) ಆಯಿಲ್ ಬಿಡಿ. ಅದು ಒಣಗಿದ್ದರೆ ಆಕ್ಸಿಲರೇಟರ್ ಒತ್ತಿದ ಕೂಡಲೇ ಕಾರು ಮುಗ್ಗರಿಸುತ್ತದೆ.

ನಿಲ್ಲುವುದು ಕಲಿತ ಮೇಲೆ ಓಟ

ಗಂಟೆಗೆ 100 ಕಿ.ಮೀ. ವೇಗದಲ್ಲಿರುವ ಕಾರಿಗಿಂತ 140ರಲ್ಲಿರುವ ಕಾರಿನ ಚಲನಶಕ್ತಿ ಹೆಚ್ಚುಕಡಿಮೆ ಎರಡರಷ್ಟು. ಅದಷ್ಟೂ ಬ್ರೇಕಿನಲ್ಲಿ ಶಾಖವಾಗಿ ಹೋಗಬೇಕು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುವ ಜಾತಿಯದು. ಡಾಟ್ 4 ದರ್ಜೆಯ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದೆ ತಡೆಯಬೇಕು. ನೀರು ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಕುದಿದರೆ ಆವಿಯ ಗುಳ್ಳೆ, ಗುಳ್ಳೆಯೆಂದರೆ ಪೆಡಲ್ ಸೀದಾ ನೆಲಕ್ಕೆ. ಆದ್ದರಿಂದ ಹಳೆಯ ಆಯಿಲ್ ಪೂರ್ತಿ ಹರಿಸಿ ಹೊಸದು ತುಂಬಿ, ಉಬ್ಬುವ ಹಳೆಯ ರಬ್ಬರ್ ಹೋಸ್‌ಗಳನ್ನು ಬದಲಿಸಿ, ಒಳ್ಳೆಯ ಪ್ಯಾಡ್ ಹಾಕಿ. ಬೀದಿಯ ಕಾರಿಗೆ ರೇಸ್ ಪ್ಯಾಡ್ ಬೇಡ: ಬಿಸಿಯಾಗುವವರೆಗೆ ಅದು ಹಿಡಿಯುವುದೇ ಇಲ್ಲ. ದೊಡ್ಡ ಡಿಸ್ಕ್, ದೊಡ್ಡ ಕ್ಯಾಲಿಪರ್‌ಗಳ ಅಗತ್ಯ ಬಹಳ ಜನಕ್ಕೆ ಬರುವುದೇ ಇಲ್ಲ.

ಟೈರಿನ ಪಕ್ಕದಲ್ಲಿ ಡಾಟ್ (DOT) ಎಂದು ಶುರುವಾಗುವ ಸಂಕೇತದ ಕೊನೆಗೆ ನಾಲ್ಕು ಅಂಕಿ ಇರುತ್ತದೆ. 3514 ಎಂದಿದ್ದರೆ 2014ರ 35ನೇ ವಾರದ್ದು. ಟೈರಿನ ಮೇಲಿನ ಗೀರು ಎಷ್ಟೇ ಆಳ ಇರಲಿ, ಆ ವಯಸ್ಸಿನ ರಬ್ಬರು ಕಲ್ಲಾಗಿರುತ್ತದೆ. ನನ್ನನ್ನು ಕೇಳಿದರೆ ಹಳೆಯ ಸ್ಪೋರ್ಟ್ಸ್ ಕಾರಿಗೆ ಮಾಡಬಹುದಾದ ಅತಿ ದೊಡ್ಡ ಮಾರ್ಪಾಡು ನಾಲ್ಕು ಹೊಸ ಒಳ್ಳೆಯ ಟೈರು, ಅದೂ ಮೂಲ ಅಳತೆಗೆ ಹತ್ತಿರದ್ದು. ದೊಡ್ಡ ಭಾರದ ಚಕ್ರ ಹಾಕಿದರೆ ಫೋಟೊ ಚೆನ್ನಾಗಿ ಬರುತ್ತದೆ, ಸ್ಟಿಯರಿಂಗ್ ಮಾತ್ರ ಸತ್ತುಹೋಗುತ್ತದೆ.

ಸಸ್ಪೆನ್ಷನ್‌ನಲ್ಲಿ ಕಣ್ಣಿಗೆ ಬೀಳದ ಕಳ್ಳ ಅಂದರೆ ಬುಷ್, ಕೀಲುಗಳಲ್ಲಿ ಕೂರುವ ಮೆತ್ತನೆಯ ಬಳೆ. ಅವು ಸವೆದಿದ್ದರೆ ಬ್ರೇಕ್ ಹಾಕಿದಾಗ, ತಿರುಗಿದಾಗ ಚಕ್ರದ ಕೋನವೇ ಬದಲಾಗುತ್ತದೆ. ಎಂಥ ಅಲೈನ್‌ಮೆಂಟ್ ಮಾಡಿಸಿದರೂ ನೀರಿನ ಮೇಲಿನ ಬರಹ. ಹೊಸ ರಬ್ಬರ್ ಬುಷ್ ಹಾಕುವಾಗ ಬಹಳ ಜನ ಒಂದು ತಪ್ಪು ಮಾಡುತ್ತಾರೆ. ಕಾರು ಮೇಲೆತ್ತಿದ್ದಾಗ, ಚಕ್ರ ಜೋತುಬಿದ್ದಿರುವಾಗಲೇ ಬೋಲ್ಟ್ ಬಿಗಿದುಬಿಡುತ್ತಾರೆ. ಕಾರು ನೆಲಕ್ಕಿಳಿದ ಕ್ಷಣದಿಂದ ಆ ರಬ್ಬರು ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. ಕಾರಿನ ಭಾರ ಚಕ್ರದ ಮೇಲೆ ಕೂತ ಮೇಲೆಯೇ ಕೊನೆಯ ಬಿಗಿ. ಪಾಲಿಯುರೆಥೇನ್ ಬುಷ್‌ಗೆ ಈ ರಗಳೆ ಇಲ್ಲ, ಆದರೆ ಸಿಲಿಕೋನ್ ಗ್ರೀಸ್ ಸವರದಿದ್ದರೆ ಹಳೇ ಮಂಚದಂತೆ ಕಿರುಗುಟ್ಟುತ್ತದೆ. ಇನ್ನು, ಬರೀ ಜಾಕಿ ನಂಬಿ ಕಾರಿನಡಿ ತಲೆ ಹಾಕಬೇಡಿ. ಆ್ಯಕ್ಸಲ್ ಸ್ಟ್ಯಾಂಡ್ ಇರಲೇಬೇಕು.

ಹೊಸ ಶಾಕ್ ಅಬ್ಸಾರ್ಬರ್, ಸ್ವಲ್ಪವೇ ಗಟ್ಟಿ ಸ್ಪ್ರಿಂಗ್, ಅಷ್ಟು ಸಾಕು. ತೀರಾ ತಗ್ಗಿಸಿದರೆ ಪ್ರತಿ ಗುಂಡಿಗೂ ಸಸ್ಪೆನ್ಷನ್ ತಳ ಹೊಡೆಯುತ್ತದೆ, ಹಿಡಿತ ತಪ್ಪುತ್ತದೆ. ಮುಂದಿನ ಆ್ಯಂಟಿ-ರೋಲ್ ಬಾರ್ (ತಿರುವಿನಲ್ಲಿ ಕಾರು ವಾಲುವುದನ್ನು ತಡೆಯುವ ಸರಳು) ದಪ್ಪ ಮಾಡಿದರೆ ತಿರುವಿನಲ್ಲಿ ಮೂತಿ ಹೊರಕ್ಕೆ ಜಾರುತ್ತದೆ, ಹಿಂದಿನದ್ದನ್ನು ದಪ್ಪ ಮಾಡಿದರೆ ಬಾಲ. ಕೊನೆಗೆ ಅಲೈನ್‌ಮೆಂಟ್, ನೀವು ಡ್ರೈವರ್ ಸೀಟಿನಲ್ಲಿ ಕೂತಿರುವಾಗಲೇ ಆದರೆ ಇನ್ನೂ ಒಳ್ಳೆಯದು.

ಈಗ ಹೊಸ ಕುದುರೆ

ಮೊದಲು ಭಾರ ಇಳಿಸಿ, ಅದೂ ಒಂದು ಬಗೆಯ ಶಕ್ತಿಯೇ. 950 ಕಿಲೊ ತೂಗುವ, 115 ಅಶ್ವಶಕ್ತಿಯ ಕಾರಿನಿಂದ 50 ಕಿಲೊ ಇಳಿಸಿದರೆ ಆರು ಅಶ್ವಶಕ್ತಿ ಕೂಡಿಸಿದಷ್ಟೇ ಲೆಕ್ಕ. ಮೇಲಾಗಿ ಬ್ರೇಕಿಗೂ ಟೈರಿಗೂ ಹೊರೆ ಕಮ್ಮಿ. ಹಗುರ ಬ್ಯಾಟರಿ, ಹಗುರ ಚಕ್ರ, ಹಗುರ ಸೀಟು ಸರಿ. ಏರ್‌ಬ್ಯಾಗ್, ಬಾಗಿಲೊಳಗಿನ ತೊಲೆಗಳನ್ನು ಮುಟ್ಟುವ ಹಾಗಿಲ್ಲ.

ಬಾನೆಟ್ ಒಳಗೆ ಬರೀ ಕೋನ್ ಫಿಲ್ಟರ್ ಸಿಕ್ಕಿಸುವುದರಿಂದ ಸದ್ದು ಬರುತ್ತದೆ, ಶಕ್ತಿ ಹೋಗುತ್ತದೆ. ಗಾಳಿ 10 ಡಿಗ್ರಿ ಬಿಸಿಯಾದರೆ ಸುಮಾರು ಶೇ 3ರಷ್ಟು ತೆಳುವಾಗುತ್ತದೆ. ಎಂಜಿನ್ನಿನ ಬಿಸಿಯುಸಿರನ್ನೇ ಅದಕ್ಕೆ ಮತ್ತೆ ಕುಡಿಸಿದಂತೆ. ಹೊರಗಿನ ತಣ್ಣನೆ ಗಾಳಿ ತರುವ ಕೊಳವೆ ಮಾಡಿ, ರೇಡಿಯೇಟರಿನ ಬಿಸಿಯಿಂದ ಅಡ್ಡಗೋಡೆ ಕಟ್ಟಿ. ಎಕ್ಸಾಸ್ಟ್ ಮ್ಯಾನಿಫೋಲ್ಡಿನಲ್ಲಿ ನಾಲ್ಕು ಕೊಳವೆ ಎರಡಾಗಿ ಆಮೇಲೆ ಒಂದಾಗುವ ವಿನ್ಯಾಸ ಮಧ್ಯದ ಆರ್‌ಪಿಎಂಗೆ, ನಾಲ್ಕೂ ನೇರ ಒಂದಾಗುವುದು ಮೇಲಿನ ಆರ್‌ಪಿಎಂಗೆ ಒಪ್ಪುತ್ತದೆ. ರಸ್ತೆಯ ಕಾರಿಗೆ ಮೊದಲನೆಯದೇ ಸರಿ. ಅತಿ ದಪ್ಪ ಪೈಪಿನಲ್ಲಿ ಹೊಗೆಯ ವೇಗ ಕುಗ್ಗಿ ಕೆಳಗಿನ ಆರ್‌ಪಿಎಂನ ಎಳೆತ ಕಳೆದುಹೋಗುತ್ತದೆ. ಹೊಗೆ, ಸದ್ದು, ವಿಮೆಗಳ ನಿಯಮವನ್ನು ಪೈಪ್ ಕತ್ತರಿಸುವ ಮೊದಲೇ ಓದಿಕೊಳ್ಳಿ.

ಇದಕ್ಕೂ ಮುಂದೆ ಹೋಗುವುದಾದರೆ ಪ್ರೋಗ್ರ್ಯಾಮ್ ಮಾಡಬಹುದಾದ ಇಸಿಯು (ಎಂಜಿನ್ನಿನ ಕಂಪ್ಯೂಟರ್), ಜೊತೆಗೆ ಹೊಗೆ ನೋಡಿ ಮಿಶ್ರಣ ಅಳೆಯುವ ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರ್. ಪೆಟ್ರೋಲಿನ ಪೂರ್ಣ ದಹನಕ್ಕೆ ಗಾಳಿ-ಪೆಟ್ರೋಲ್ ಅನುಪಾತ 14.7:1. ಆದರೆ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಹೆಚ್ಚು ಶಕ್ತಿ ಸಿಗುವುದು 12.5ರಿಂದ 13ರ ನಡುವೆ. ಟರ್ಬೊ ಕೂರಿಸುವವರು ಇನ್ನೂ ಗಟ್ಟಿ ಮಿಶ್ರಣ, ದೊಡ್ಡ ಇಂಜೆಕ್ಟರ್, ಇಂಟರ್‌ಕೂಲರ್, ಗಟ್ಟಿ ಕ್ಲಚ್, ಒಳ್ಳೆಯ ರೇಡಿಯೇಟರ್ ಎಲ್ಲವನ್ನೂ ಒಂದೇ ಪಟ್ಟಿಯಲ್ಲಿ ಬರೆದುಕೊಳ್ಳಬೇಕು. ಇದರಲ್ಲಿ ಒಂದನ್ನು ‘ಆಮೇಲೆ ನೋಡೋಣ’ ಎಂದವರ ಎಂಜಿನ್ ಬಿಚ್ಚಿದ್ದನ್ನು ನೋಡಿದ್ದೇನೆ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಅಳೆಯಿರಿ. ಡೈನೊ (ಕಾರಿನ ಶಕ್ತಿ ಅಳೆಯುವ ಯಂತ್ರ) ಸಿಗದಿದ್ದರೆ ಟ್ರ್ಯಾಕಿನಲ್ಲೋ ಸಂಚಾರವಿಲ್ಲದ ಖಾಸಗಿ ಜಾಗದಲ್ಲೋ ಮೂರನೇ ಗೇರಿನಲ್ಲಿ 3,000ದಿಂದ 5,000 ಆರ್‌ಪಿಎಂಗೆ ಏರಲು ಹಿಡಿಯುವ ಸಮಯ ನೋಡಿ. ಪಕ್ಕದಲ್ಲಿ ಕೂತವರು ಸ್ಟಾಪ್‌ವಾಚ್ ಹಿಡಿಯಲಿ. ಹೋಗುವಾಗ ಮೂರು ಸಲ, ಬರುವಾಗ ಮೂರು ಸಲ; ಗಾಳಿ, ಇಳಿಜಾರಿನ ಮೋಸ ಹೀಗೆ ಸರಿದೂಗುತ್ತದೆ. ತಾರೀಕು, ಹವೆಯ ಬಿಸಿ, ಟ್ಯಾಂಕಿನಲ್ಲಿ ಎಷ್ಟು ಪೆಟ್ರೋಲಿತ್ತು ಎಂಬುದನ್ನೂ ನೋಟ್‌ಬುಕ್ಕಿನ ಅದೇ ಸಾಲಿನಲ್ಲಿ ಬರೆಯಿರಿ.