ಅರೆಬರೆ ಜಪಾನಿ ಬಂದರೂ ಸಾಕು: ಡ್ರಾಮಾ ಸಿಡಿ ಕೇಳುವುದು ಹೀಗೆ

ಡ್ರಾಮಾ ಸಿಡಿ ಅಂದರೆ ಚಿತ್ರ ಇಲ್ಲದೆ, ಬರೀ ದನಿ ಮತ್ತು ಸದ್ದಿನಲ್ಲಿ ಕಥೆ ಹೇಳುವ ಜಪಾನಿ ಸಿಡಿ, ರೇಡಿಯೋ ನಾಟಕದ ಹಾಗೆ. ನಾನು ಮೊದಲು ತರಿಸಿಕೊಂಡದ್ದು ಜಪಾನಿ ಕತ್ತಿವೀರ ರುರೌನಿ ಕೆನ್ಶಿನ್‌ದು. ಪ್ಲೇ ಒತ್ತಿದೆ. ಕೆನ್ಶಿನ್ ಬಾಯಿ ಬಿಟ್ಟ. ನನಗೆ ಗೊತ್ತಿದ್ದ ದನಿಯೇ ಅಲ್ಲ! ಎವಾಂಗೆಲಿಯನ್ ಅನ್ನುವ ಆನಿಮೆಯ (ಜಪಾನಿ ಕಾರ್ಟೂನ್ ಸರಣಿಯ) ಹುಡುಗ ಶಿಂಜಿ ಕತ್ತಿ ಹಿಡಿದು ಬಂದು ನಿಂತ ಹಾಗಿತ್ತು. ಸಿಡಿ ತಪ್ಪಾಗಿ ಬಂದಿದೆ ಅಂದುಕೊಂಡು ಕವರ್ ತಿರುಗಿಸಿ ನೋಡಿದೆ. ತಪ್ಪಿದ್ದು ನಾನೇ. 1996ರಲ್ಲಿ ಶುರುವಾದ ಟಿವಿ ಸರಣಿಯಲ್ಲಿ ಕೆನ್ಶಿನ್‌ಗೆ ದನಿ ಕೊಟ್ಟವರು ಮಾಯೊ ಸುಜುಕಾಜೆ. ಅದಕ್ಕೂ ಮೊದಲು, ಮಂಗಾ (ಜಪಾನಿ ಚಿತ್ರಕಥೆ ಪುಸ್ತಕ) ಹಿಡಿದು ಮಾಡಿದ ಸಿಡಿಯಲ್ಲಿ ಆ ಪಾತ್ರ ಮೆಗುಮಿ ಒಗಾತಾ ಅವರದು. ಶಿಂಜಿಯ ದನಿಯೂ ಅವರದೇ.

ಆದ್ದರಿಂದ ಕೊಳ್ಳುವ ಮೊದಲು ಒಂದು ವಿಷಯ ತಿಳಿದುಕೊಳ್ಳಿ. ಸಿಡಿ ಬಂದದ್ದು ಆನಿಮೆಗಿಂತ ಮೊದಲೋ, ಆಮೇಲೋ? ಮೊದಲು ಬಂದದ್ದಾದರೆ ಕಲಾವಿದರು ಬೇರೆ ಇರಬಹುದು. ಯಾವಾಗಲೂ ಹಾಗೇ ಅಂತಲ್ಲ. ದೇಶಗಳೇ ಪಾತ್ರಗಳಾಗಿರುವ ಹೆತಾಲಿಯಾದ ಡ್ರಾಮಾ ಸಿಡಿ 2008ರಲ್ಲೇ ಬಂತು, ಆನಿಮೆ 2009ರಲ್ಲಿ. ಇಟಲಿ, ಜರ್ಮನಿ ಪಾತ್ರಗಳ ದನಿಗಳು ಎರಡರಲ್ಲೂ ಅವೇ. ಆನಿಮೆ ಆದ ಮೇಲೆ ಬರುವ ಸಿಡಿಯಲ್ಲಿ ಸಾಮಾನ್ಯವಾಗಿ ಅದೇ ತಂಡ ಇರುತ್ತದೆ, ಆದರೆ ಕಥೆ ಪಕ್ಕಕ್ಕೆ ಎಲ್ಲೋ ಹೋಗುತ್ತದೆ. 1996ರಲ್ಲಿ ಎವಾಂಗೆಲಿಯನ್‌ಗೆ ಬಂದ ಡ್ರಾಮಾದಲ್ಲಿ ಪಾತ್ರಗಳೆಲ್ಲ ಸೇರಿಕೊಂಡು, ಮುಂದಿನ ಭಾಗ ಹೇಗಿರಬೇಕು ಅಂತ ತಲೆಹರಟೆ ಮಾಡುತ್ತವೆ. ಅಷ್ಟು ಗಂಭೀರ ಸರಣಿಗೆ ಇದಾ ಅನ್ನಿಸಬಹುದು. ನನಗಂತೂ ಬಹಳ ಇಷ್ಟ.

ಕೊಳ್ಳುವಾಗ ಹೆಸರಿಗಿಂತ ನಂಬರ್ ನಂಬಿ. ಪ್ರತಿ ಸಿಡಿಗೂ ‘ಹಿನ್‌ಬಾನ್’ ಅನ್ನುವ ಸಂಖ್ಯೆ ಇರುತ್ತದೆ. ಸಾಮಾನ್ಯವಾಗಿ ಮೊದಲು ನಾಲ್ಕು ಇಂಗ್ಲಿಷ್ ಅಕ್ಷರ, ಆಮೇಲೆ ಅಂಕಿ. ಕಿಂಗ್ ರೆಕಾರ್ಡ್ಸ್‌ನ ಆನಿಮೆ ಸಿಡಿಗಳಲ್ಲಿ ಕೆ-ಐ-ಸಿ-ಎ, ಲಾಂಟಿಸ್ ಕಂಪನಿಯವುಗಳಲ್ಲಿ ಎಲ್-ಎ-ಸಿ-ಎ ಅಂತ ಕಾಣುತ್ತದೆ. ಒಂದೇ ಸರಣಿಯಲ್ಲಿ ಹಾಡಿನ ಸಿಡಿ, ಹಿನ್ನೆಲೆ ಸಂಗೀತದ ಸಿಡಿ, ಡ್ರಾಮಾ ಸಿಡಿ ಎಲ್ಲ ಹೆಚ್ಚುಕಮ್ಮಿ ಒಂದೇ ಹೆಸರಲ್ಲಿ ಇರುತ್ತವೆ. ಅದಕ್ಕೇ ಸಿಡಿಗಳ ಪಟ್ಟಿ ಇರುವ ವಿಜಿಎಂಡಿಬಿ (VGMdb) ತಾಣದಲ್ಲಿ ನಂಬರ್ ಹುಡುಕಿಕೊಂಡು, ಅದನ್ನೇ ಅಂಗಡಿಯಲ್ಲಿ ಹಾಕಿ. ಹೊಸದಕ್ಕೆ ಸಿಡಿಜಪಾನ್, ಹಳೆಯದಕ್ಕೆ ಮಂದಾರಾಕೆ, ಸುರುಗಾಯಾ. ಹೊಸದು ಸುಮಾರು 2,000ದಿಂದ 3,000 ಯೆನ್ ಆಗುತ್ತದೆ. ಬೆಲೆಯ ಪಕ್ಕ ‘ಜೇಕೋಮಿ’ ಅಂತ ಇದ್ದರೆ ಜಪಾನಿನ 10% ತೆರಿಗೆ ಸೇರಿದೆ ಅಂತ ಅರ್ಥ. ಒಂದು ದೇಶದ್ದು ಇನ್ನೊಂದು ದೇಶದ ಪ್ಲೇಯರಿನಲ್ಲಿ ಓಡದಂತೆ ಡಿವಿಡಿಗೆ ಇರುವ ರೀಜನ್ ಕೋಡ್ ತಲೆನೋವು ಸಿಡಿಗೆ ಇಲ್ಲ.

ಹಳೆಯದು ಕೊಳ್ಳುವಾಗ ಇನ್ನೆರಡು ಪದ ಬೇಕು. ‘ಒಬಿ’ ಅಂದರೆ ಕವರ್‌ನ ಬದಿಗೆ ಸುತ್ತಿದ ಕಾಗದದ ಪಟ್ಟಿ. ಅದು ಇಲ್ಲದಿದ್ದರೆ ಬೆಲೆ ಇಳಿಯುತ್ತದೆ, ಕಥೆಗೇನೂ ಆಗುವುದಿಲ್ಲ. ನನ್ನ ಹತ್ತಿರ ಇರುವ ಹೆಚ್ಚಿನವಕ್ಕೆ ಒಬಿ ಇಲ್ಲ. ‘ತೊಕುತೆನ್’ ಅಂದರೆ ಜೊತೆಗೆ ಕೊಡುವ ಉಡುಗೊರೆ. ಕೆಲವು ಸಲ ಕಲಾವಿದರ ಮಾತುಕತೆಯ ಇನ್ನೊಂದು ಸಿಡಿಯೇ ತೊಕುತೆನ್ ಆಗಿರುತ್ತದೆ. ಹಳೆಯ ಪ್ರತಿಯಲ್ಲಿ ಅದೇ ಕಳೆದುಹೋಗಿರುತ್ತದೆ, ಕೇಳಿ ನೋಡಿ.

ಕಂಪ್ಯೂಟರಿಗೆ ಹಾಕಿಕೊಳ್ಳುವಾಗ ಟ್ರ್ಯಾಕಿನ ಹೆಸರುಗಳು ಹುಳ ಹರಿದಾಡಿದ ಹಾಗೆ ಕಂಡರೆ ಗಾಬರಿ ಬೇಡ. ಹಳೆಯ ಶಿಫ್ಟ್-ಜಿಸ್ ಅಕ್ಷರ ಪದ್ಧತಿಯನ್ನು ಸಾಫ್ಟ್‌ವೇರ್ ತಪ್ಪಾಗಿ ಓದಿರುತ್ತದೆ, ಅಷ್ಟೇ. ಸುಮ್ನೆ 01, 02 ಅಂತ ಹೆಸರಿಟ್ಟುಬಿಡಿ. ಮತ್ತೆ, ಶಫಲ್ ಆಫ್ ಮಾಡಿ! ನಾನು ಮರೆತು ಒಂದು ಕೊಲೆಯ ಕಥೆ ಕೇಳಿದ್ದೆ. ಕೊಲೆಗಾರ ಮೊದಲು ಸಿಕ್ಕಿಬಿದ್ದ, ಕೊಲೆ ಆಮೇಲೆ ಆಯಿತು.

ಇನ್ನು ಕೇಳುವ ವಿಷಯ. ಒಂದು ಸಿಡಿಯಲ್ಲಿ ಹಿಡಿಸುವುದು 74ರಿಂದ 80 ನಿಮಿಷ. ಮೊದಲ ಸಲ ನಿಲ್ಲಿಸದೆ, ನಿಘಂಟು ಮುಟ್ಟದೆ, ಹೆಡ್‌ಫೋನ್ ಹಾಕಿಕೊಂಡು ಪೂರ್ತಿ ಕೇಳಿ. ಕೆಲಸ ಒಂದೇ: ಎಷ್ಟು ಜನ ಮಾತಾಡುತ್ತಿದ್ದಾರೆ ಅಂತ ಎಣಿಸಿ. ಇದಕ್ಕೆ ಜಪಾನಿ ಭಾಷೆಯೇ ಸಹಾಯ ಮಾಡುತ್ತದೆ. ‘ನಾನು’ ಅನ್ನುವುದನ್ನು ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ. ಒರಟು ಹುಡುಗ ‘ಒರೆ’ ಅಂದರೆ, ಸಾಧು ಹುಡುಗ ‘ಬೊಕು’ ಅನ್ನುತ್ತಾನೆ. ಚೂಟಿ ಹುಡುಗಿಗೆ ‘ಅತಾಶಿ’, ಮುದುಕನಿಗೆ ‘ವಾಶಿ’. ಕೆನ್ಶಿನ್ ಅಂತೂ ಹಳೆಯ ಕಾಲದ ಸಮುರಾಯ್ ಥರ ‘ಸೆಶ್ಶಾ’ ಅಂದು ಶುರುಮಾಡಿ ‘ದೆ ಗೊಜಾರು’ ಅಂತ ಮುಗಿಸುತ್ತಾನೆ. ದನಿ ಬೇರೆಯಾದರೂ ಆವತ್ತು ಅವನನ್ನು ನಾನು ಗುರುತು ಹಿಡಿದದ್ದು ಇದರಿಂದಲೇ.

ಚಿತ್ರ ಇಲ್ಲದ್ದರಿಂದ ಡ್ರಾಮಾ ಸಿಡಿಯಲ್ಲಿ ಪಾತ್ರಗಳು ಮಾತುಮಾತಿಗೂ ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುತ್ತವೆ. ಕಣ್ಣೆದುರು ಇರುವುದನ್ನೂ ಬಾಯಿಬಿಟ್ಟು ಹೇಳುತ್ತವೆ: ‘ಅಯ್ಯೋ, ಬಾಗಿಲು ತೆರೆದೇ ಇದೆ!’ ಸ್ವಲ್ಪ ಪೆದ್ದುತನ ಅನ್ನಿಸುತ್ತದೆ, ಅಲ್ವಾ? ಕಲಿಯುವವರಿಗೆ ಅದೇ ಅನುಕೂಲ. ಹೆಸರಿನ ಬಾಲವನ್ನೂ ಗಮನಿಸಿ. ‘ಚಾನ್’ ಅಂದರೆ ಸಲುಗೆ, ‘ಸಾಮಾ’ ಅಂದರೆ ದೊಡ್ಡ ಮರ್ಯಾದೆ. ನಡುವೆ ಬಾಲ ಇದ್ದಕ್ಕಿದ್ದಂತೆ ಬಿದ್ದುಹೋದರೆ ಇಬ್ಬರ ಮಧ್ಯೆ ಏನೋ ಆಗಿದೆ ಅಂತ ತಿಳಿಯಿರಿ.

ಮಾತಿಗಿಂತ ಜಾಸ್ತಿ ಹೇಳುವುದು ಹಿನ್ನೆಲೆ ಸದ್ದು. ‘ಮೀನ್ ಮೀನ್’ ಅಂತ ಜೀರುಂಡೆ ಕೂಗಿದರೆ ನಡುಬೇಸಿಗೆಯ ಹಗಲು. ‘ಕನಕನಕನ’ ಅಂತ ಇನ್ನೊಂದು ಜಾತಿಯದು ಕೂಗಿದರೆ ಹೊತ್ತು ಮುಳುಗುತ್ತಿದೆ. ‘ಕಿನ್ ಕೋನ್ ಕಾನ್ ಕೋನ್’ ಗಂಟೆ ಕೇಳಿದರೆ ಶಾಲೆ. ನೀರು ಸುರಿದು ‘ಟಕ್’ ಅಂತ ಬಿದಿರಿನ ಕೊಳವೆ ಕಲ್ಲಿಗೆ ಬಡಿದರೆ ತೋಟವಿರುವ ಹಳೆಯ ಕಾಲದ ದೊಡ್ಡ ಮನೆ. ಇದು ಗೊತ್ತಿಲ್ಲದೆ ಎಷ್ಟೋ ದಿನ ಅದನ್ನು ಯಾರೋ ಬಾಗಿಲು ತಟ್ಟುತ್ತಿದ್ದಾರೆ ಅಂದುಕೊಂಡಿದ್ದೆ. ಯಾಕೆ ಯಾರೂ ಎದ್ದು ತೆಗೆಯುವುದಿಲ್ಲ ಅಂತ ಸಿಟ್ಟೂ ಬರುತ್ತಿತ್ತು.

ಎರಡನೇ ಸಲ ಒಂದೊಂದೇ ಟ್ರ್ಯಾಕ್ ಕೇಳಿ. ಒಂದಕ್ಕೆ ಐದು ಪದ ಬರೆದುಕೊಂಡರೆ ಸಾಕು. ವೇಗವನ್ನು 0.8ಕ್ಕೆ ಇಳಿಸಬಹುದು. ಅದಕ್ಕಿಂತ ಕೆಳಗೆ ಹೋದರೆ ನಾಯಕ ಕುಡಿದು ಬಂದ ಹಾಗೆ ಕೇಳುತ್ತಾನೆ.

ಕೆಲವು ಸಿಡಿಗಳ ಕೊನೆಯಲ್ಲಿ ‘ಫ್ರೀ ಟಾಕ್’ ಇರುತ್ತದೆ. ಕಲಾವಿದರು ಪಾತ್ರ ಬಿಟ್ಟು ಹರಟುತ್ತಾರೆ. ಇಡೀ ಸಿಡಿಯಲ್ಲಿ ಕಷ್ಟದ್ದು ಇದೇ. ಒಬ್ಬರ ಮೇಲೊಬ್ಬರು ಮಾತಾಡುತ್ತಾರೆ, ನಗುತ್ತಾರೆ. ಆದರೂ ಮೊದಲ ಅರ್ಧ ನಿಮಿಷ ಬಿಡಬೇಡಿ. ಸಾಮಾನ್ಯವಾಗಿ ಪ್ರತಿಯೊಬ್ಬರೂ ಒಂದೇ ಥರ ಪರಿಚಯ ಹೇಳಿಕೊಳ್ಳುತ್ತಾರೆ: ಪಾತ್ರದ ಹೆಸರು, ‘ಯಾಕು ನೊ’, ತಮ್ಮ ಹೆಸರು, ‘ದೆಸು’. ಇಂಥ ಪಾತ್ರದ ಇಂಥವರು ಅಂತ. ಅದನ್ನು ಬರೆದಿಟ್ಟುಕೊಳ್ಳಿ. ನೀವು ಎಣಿಸಿದ ಜನರ ಲೆಕ್ಕಕ್ಕೆ ಹೊಂದಿಸಿ ನೋಡಿ. ನನ್ನ ಲೆಕ್ಕದಲ್ಲಿ ಒಮ್ಮೆ ಇಬ್ಬರು ಜಾಸ್ತಿ ಬಂದಿದ್ದರು. ಅಜ್ಜಿ, ಬೆಕ್ಕು, ನಾಯಕನ ತಮ್ಮ, ಮೂರೂ ಒಬ್ಬರೇ.